ಸ್ಟೆಮ್ ಸೆಲ್ ಕಸಿಯಾದವರಿಗೆ ಎಫ್‌ಎಂಟಿ: ಯಾವ ಕಾರಣಕ್ಕೆ, ಯಾವ ದಿನ, ಯಾರ ಮಲ

ಎಫ್‌ಎಂಟಿ ಎಂದರೆ ಆರೋಗ್ಯವಂತ ದಾನಿಯ ಮಲದಲ್ಲಿರುವ ಸೂಕ್ಷ್ಮಜೀವಿಗಳನ್ನು ರೋಗಿಯ ಕರುಳಿಗೆ ಸೇರಿಸುವ ಚಿಕಿತ್ಸೆ. ಬೇರೊಬ್ಬರ ಸ್ಟೆಮ್ ಸೆಲ್ (ರಕ್ತ ತಯಾರಿಸುವ ಮೂಲಕೋಶ) ಪಡೆದು ಚೇತರಿಸಿಕೊಳ್ಳುತ್ತಿರುವವರಿಗೆ ಇದನ್ನು ಕೊಡುವ ಕೆಲಸ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಅದಕ್ಕೆ ಮುಂಚಿನ ತಯಾರಿಗೆ ವಾರಗಳೇ ಹಿಡಿಯುತ್ತವೆ, ಎಡವಟ್ಟುಗಳ ಬೇರೂ ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಈ ಬರಹ ಕಸಿ ವಾರ್ಡಿನ ಕಿರಿಯ ವೈದ್ಯರಿಗೆ, ನರ್ಸ್‌ಗಳಿಗೆ, ಮತ್ತು ಏನು ನಡೆಯುತ್ತದೆ ಎಂದು ವಿವರವಾಗಿ ತಿಳಿಯಬಯಸುವ ಮನೆಯವರಿಗೆ. ಇದು ಮನೆಯಲ್ಲಿ ಮಾಡಿಕೊಳ್ಳುವ ಚಿಕಿತ್ಸೆ ಅಲ್ಲವೇ ಅಲ್ಲ. ರೋಗನಿರೋಧಕ ಶಕ್ತಿ ಕುಗ್ಗಿದವರಲ್ಲಿ ಪರೀಕ್ಷೆಯಾಗದ ಮಲ ಜೀವ ತೆಗೆಯಬಲ್ಲದು.

ಕರುಳು ಯಾಕೆ ಬರಿದಾಗುತ್ತದೆ

ಕಸಿಗೆ ಮುಂಚಿನ ಕೀಮೋ ಮತ್ತು ವಿಕಿರಣ ಕರುಳಿನ ಒಳಪದರವನ್ನು ಸುಡುತ್ತವೆ. ಬಾಯಿಹುಣ್ಣು, ವಾಂತಿಯಿಂದ ಊಟ ನಿಲ್ಲುತ್ತದೆ, ನಾರಿನಂಶ ತಿಂದು ಬದುಕುವ ಬ್ಯಾಕ್ಟೀರಿಯಾಗಳಿಗೆ ಆಹಾರವಿಲ್ಲದಂತಾಗುತ್ತದೆ. ಇದರ ಮೇಲೆ ಜ್ವರ ಬಂದೊಡನೆ ಶುರುವಾಗುವ ಆ್ಯಂಟಿಬಯೋಟಿಕ್‌ಗಳು. ಇವುಗಳಲ್ಲಿ ಎಲ್ಲವೂ ಒಂದೇ ಅಲ್ಲ. ಪೈಪರಾಸಿಲಿನ್-ಟ್ಯಾಝೋಬ್ಯಾಕ್ಟಮ್, ಇಮಿಪೆನೆಮ್‌ನಂಥವು ಆಮ್ಲಜನಕವಿಲ್ಲದೆ ಬದುಕುವ ಉಪಯೋಗಿ ಬ್ಯಾಕ್ಟೀರಿಯಾಗಳನ್ನು ಹೆಚ್ಚು ಅಳಿಸುತ್ತವೆ. ಸೆಫೆಪೀಮ್, ಆಜ್‌ಟ್ರಿಯೋನಾಮ್ ಆ ಮಟ್ಟಿಗೆ ಅಳಿಸುವುದಿಲ್ಲ. 2016ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಮೊದಲ ಗುಂಪಿನ ಔಷಧ ಪಡೆದವರಲ್ಲಿ ಜಿವಿಎಚ್‌ಡಿಯಿಂದಾದ ಸಾವು ಹೆಚ್ಚಾಗಿ ಕಂಡಿತು. ಸ್ಟೆಮ್ ಸೆಲ್ ದಾನಿಯ ರೋಗನಿರೋಧಕ ಕೋಶಗಳು ರೋಗಿಯ ದೇಹದ ಮೇಲೇ ತಿರುಗಿಬೀಳುವುದೇ ಜಿವಿಎಚ್‌ಡಿ. ಹಾಗೆಂದು ಜ್ವರ ಬಂದ ರೋಗಿಗೆ ಬೇಕಾದ ಔಷಧವನ್ನು ತಡೆಹಿಡಿಯುವಂತಿಲ್ಲ. ಎರಡರಲ್ಲಿ ಯಾವುದಾದರೂ ನಡೆಯುತ್ತದೆ ಎನ್ನುವಾಗ ಕರುಳಿಗೆ ಕಡಿಮೆ ಹಾನಿ ಮಾಡುವುದನ್ನು ಆರಿಸಿ, ಅಗತ್ಯ ಮುಗಿದ ದಿನವೇ ನಿಲ್ಲಿಸಬೇಕು.

ಹೀಗೆ ತೆರವಾದ ಜಾಗದಲ್ಲಿ ಸಾಮಾನ್ಯವಾಗಿ ಎಂಟೆರೋಕಾಕಸ್ ಎಂಬ ಬ್ಯಾಕ್ಟೀರಿಯಾ ತುಂಬಿಕೊಳ್ಳುತ್ತದೆ. ಇದಕ್ಕೆ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಆಹಾರವಾಗುತ್ತದೆ ಎಂದು 2019ರಲ್ಲಿ ತಿಳಿದುಬಂತು. ನ್ಯೂಯಾರ್ಕ್, ಡರಮ್, ರೇಗನ್ಸ್‌ಬರ್ಗ್, ಸಪ್ಪೊರೊ ನಗರಗಳ ನಾಲ್ಕು ಕೇಂದ್ರಗಳ 1,362 ರೋಗಿಗಳನ್ನು ಒಳಗೊಂಡು 2020ರಲ್ಲಿ ಬಂದ ಅಧ್ಯಯನದಲ್ಲಿ, ಬಿಳಿ ರಕ್ತಕಣ ಮರಳುವ ಹೊತ್ತಿಗೆ ಕರುಳಿನ ಸೂಕ್ಷ್ಮಜೀವಿಗಳ ವೈವಿಧ್ಯ ಹೆಚ್ಚಿದ್ದವರಲ್ಲಿ ಸಾವು ಕಡಿಮೆಯಿತ್ತು. ಇದು ಸಂಬಂಧವನ್ನು ತೋರಿಸುತ್ತದೆ. ವೈವಿಧ್ಯವನ್ನು ಹೊರಗಿನಿಂದ ತುಂಬಿದರೆ ಜೀವ ಉಳಿಯುತ್ತದೆ ಎಂಬುದಕ್ಕೆ ಇದೊಂದೇ ಸಾಕ್ಷಿಯಾಗದು.

ಕಾರಣ ಖಚಿತವಾಗಲಿ

ಈ ರೋಗಿಗಳಲ್ಲಿ ಎಫ್‌ಎಂಟಿ ಯೋಚಿಸುವುದು ಮೂರು ಸಂದರ್ಭಗಳಲ್ಲಿ. ಒಂದು, ಮರಳಿ ಮರಳಿ ಬರುವ, ಭೇದಿ ತರಿಸುವ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸೀಲ್ ಬ್ಯಾಕ್ಟೀರಿಯಾದ ಸೋಂಕು, ವಾರ್ಡಿನ ಮಾತಿನಲ್ಲಿ ಸಿ ಡಿಫ್. ಸಾಮಾನ್ಯ ರೋಗಿಗಳಲ್ಲಿ ಎಫ್‌ಎಂಟಿಗೆ ಗಟ್ಟಿ ಪುರಾವೆ ಇರುವುದು ಇದಕ್ಕೇ: 2013ರ ಡಚ್ ಪ್ರಯೋಗದಲ್ಲಿ ಒಂದೇ ಸಲ ಕೊಟ್ಟಾಗ 16ರಲ್ಲಿ 13 ಮಂದಿ ಗುಣವಾದರು. ಆದರೆ ತೀವ್ರವಾಗಿ ರೋಗನಿರೋಧಕ ಶಕ್ತಿ ಕುಗ್ಗಿದವರಿಗೆ ಇದನ್ನು ಕೊಡದಿರುವುದೇ ಲೇಸು ಎಂದು ಅಮೆರಿಕದ ಗ್ಯಾಸ್ಟ್ರೋಎಂಟರಾಲಜಿ ಸಂಘದ 2024ರ ಮಾರ್ಗಸೂಚಿ ಹೇಳುತ್ತದೆ. ಹಾಗಾಗಿ ಕಸಿಯಾಗಿ ಎಷ್ಟು ದಿನವಾಯಿತು, ಈಗ ರೋಗನಿರೋಧಕ ಶಕ್ತಿ ಎಷ್ಟು ಮರಳಿದೆ ಎಂಬುದನ್ನು ನೋಡಿಯೇ ಮುಂದುವರಿಯಬೇಕು. ಎರಡು, ಸ್ಟೀರಾಯ್ಡ್‌ಗೆ ಬಗ್ಗದ ಕರುಳಿನ ಜಿವಿಎಚ್‌ಡಿ. ಇಲ್ಲಿ ಎಫ್‌ಎಂಟಿ ಸ್ಟೀರಾಯ್ಡ್ ಸೋತಾಗ ಕೊಡುವ ರಕ್ಸೊಲಿಟಿನಿಬ್ ಔಷಧಕ್ಕೆ ಬದಲಿ ಅಲ್ಲ. ಅದೂ ಸೋತಾಗ, ಪ್ರಯೋಗದ ಅಥವಾ ವಿಶೇಷ ಅನುಮತಿಯ ಚೌಕಟ್ಟಿನಲ್ಲಿ ಯೋಚಿಸುವಂಥದು. ಮೂರು, ಇನ್ನೂ ರೋಗ ಬಂದಿಲ್ಲದವರಲ್ಲಿ ಮುನ್ನೆಚ್ಚರಿಕೆಯಾಗಿ ಕರುಳನ್ನು ಮರುತುಂಬುವುದು. ಇದು ಪೂರ್ತಿ ಸಂಶೋಧನೆಯ ವಿಷಯ. 2023ರಲ್ಲಿ ಪ್ರಕಟವಾದ, ಪ್ಲಾಸಿಬೊ (ಔಷಧವಿಲ್ಲದ ನಕಲಿ ಡೋಸ್) ಜೊತೆ ಹೋಲಿಸಿದ ಪ್ರಯೋಗದಲ್ಲಿ ಕರುಳಿನ ವೈವಿಧ್ಯ ಸುಧಾರಿಸಿತು, ಸೋಂಕುಗಳು ಮಾತ್ರ ಕಡಿಮೆಯಾಗಲಿಲ್ಲ. ರೋಗಿಗೆ ಈ ಫಲಿತಾಂಶವನ್ನು ಮುಚ್ಚಿಡದೆ ಹೇಳಿಯೇ ಒಪ್ಪಿಗೆ ಪಡೆಯಬೇಕು.

ಕಸಿಯಾದವರ ಭೇದಿಗೆ ಕಾರಣ ಹಲವು. ಸಿ ಡಿಫ್, ಜಿವಿಎಚ್‌ಡಿ, ಸೈಟೊಮೆಗಾಲೋವೈರಸ್, ನೊರೊವೈರಸ್, ಅಡೆನೊವೈರಸ್, ರೋಗನಿರೋಧಕ ಶಕ್ತಿ ತಗ್ಗಿಸುವ ಮೈಕೊಫಿನೊಲೇಟ್ ಮಾತ್ರೆಯ ಅಡ್ಡಪರಿಣಾಮ, ಕರುಳಿನ ಸಣ್ಣ ರಕ್ತನಾಳಗಳು ಕಟ್ಟಿಕೊಳ್ಳುವ ಟಿಎಂಎ ಎಲ್ಲವೂ ಒಂದೇ ರೀತಿ ಕಾಣುತ್ತವೆ. ಇಲ್ಲಿ ಒಂದು ತಪ್ಪು ಪದೇಪದೇ ಆಗುತ್ತದೆ: ಬ್ಯಾಕ್ಟೀರಿಯಾದ ಜೀನ್ ಹುಡುಕುವ ಪಿಸಿಆರ್ ಪರೀಕ್ಷೆಯಲ್ಲಿ ಸಿ ಡಿಫ್ ಪಾಸಿಟಿವ್ ಬಂದೊಡನೆ ಭೇದಿಗೆಲ್ಲ ಅದೇ ಕಾರಣ ಎಂದು ತೀರ್ಮಾನಿಸುವುದು. ಈ ರೋಗಿಗಳಲ್ಲಿ ಬ್ಯಾಕ್ಟೀರಿಯಾ ಸುಮ್ಮನೆ ಕರುಳಿನಲ್ಲಿ ಕುಳಿತಿರುವುದು ಸಾಮಾನ್ಯ. ಅದು ಹೊರಬಿಡುವ ವಿಷವನ್ನು ಹುಡುಕುವ ಟಾಕ್ಸಿನ್ ಪರೀಕ್ಷೆಯನ್ನೂ ನೋಡಿ, ಹಿಂದಿನ ಚಿಕಿತ್ಸೆಗೆ ಭೇದಿ ನಿಂತಿತ್ತೇ ಎಂದು ಕೇಳಿ, ಸಂಶಯ ಉಳಿದರೆ ಬಯಾಪ್ಸಿ ಮಾಡಿಸಿ. ಸೈಟೊಮೆಗಾಲೋವೈರಸ್ ಇರುವ ಕರುಳಿಗೆ ಎಫ್‌ಎಂಟಿ ಕೊಟ್ಟರೆ ಆಗುವುದು ಚಿಕಿತ್ಸೆಯ ವಿಳಂಬ ಮಾತ್ರ.

ದಿನ ಗೊತ್ತುಮಾಡುವುದು

ಸೋಂಕಿನೊಂದಿಗೆ ಹೋರಾಡುವ ಬಿಳಿ ರಕ್ತಕಣಗಳಾದ ನ್ಯೂಟ್ರೋಫಿಲ್‌ಗಳ ಎಣಿಕೆ ಮೈಕ್ರೋಲೀಟರಿಗೆ 500ಕ್ಕಿಂತ ಕೆಳಗಿರುವಾಗ ಎಫ್‌ಎಂಟಿ ಬೇಡ. ಸತತ ಮೂರು ದಿನ 500 ದಾಟಿದರೆ ಕಸಿ ಹಿಡಿದಿದೆ ಎನ್ನುತ್ತೇವೆ. ಆ ಬಳಿಕವೂ ಕಣಗಳು ಮತ್ತೆ ಕುಸಿಯುತ್ತಿಲ್ಲ ಎಂದು ಖಾತ್ರಿಪಡಿಸಿಕೊಳ್ಳಿ. ಕರುಳು ತೂತಾಗಿರುವ ಅನುಮಾನ, ಕರುಳಿನ ಚಲನೆ ನಿಂತು ಹೊಟ್ಟೆ ಉಬ್ಬಿರುವುದು, ಹತೋಟಿಗೆ ಬಾರದ ರಕ್ತಸೋಂಕು, ನಿಲ್ಲದ ರಕ್ತಸ್ರಾವ ಇದ್ದರೆ ಮುಂದೂಡಿ. ನಳಿಗೆ ಅಥವಾ ಕೊಲೊನೋಸ್ಕೋಪಿ ಬಳಸುವುದಾದರೆ ಪ್ಲೇಟ್‌ಲೆಟ್ ಎಣಿಕೆ ಎಷ್ಟಿರಬೇಕೆಂದು ಎಂಡೋಸ್ಕೋಪಿ ತಂಡದ ಜೊತೆ ಮೊದಲೇ ಮಾತಾಡಿ, ಬೇಕಾದರೆ ಪ್ಲೇಟ್‌ಲೆಟ್ ಕಾಯ್ದಿರಿಸಿ.

ಇನ್ನೊಂದು ಲೆಕ್ಕ ಆ್ಯಂಟಿಬಯೋಟಿಕ್‌ನದು. ಕೊನೆಯ ಡೋಸ್ ಮತ್ತು ಎಫ್‌ಎಂಟಿ ನಡುವೆ ಕನಿಷ್ಠ 24 ಗಂಟೆ ಅಂತರ ಬೇಕು. ಸಿ ಡಿಫ್‌ಗೆ ಬಾಯಿಂದ ಕೊಡುವ ವ್ಯಾಂಕೊಮೈಸಿನ್‌ಗೂ ಇದೇ ನಿಯಮ. ಮುಂದಿನ ಕೆಲವು ದಿನಗಳಲ್ಲಿ ಮತ್ತೆ ಆ್ಯಂಟಿಬಯೋಟಿಕ್ ಬೇಕಾಗುವ ಸೂಚನೆ ಇದ್ದರೆ, ಉದಾಹರಣೆಗೆ ರಕ್ತನಾಳಕ್ಕೆ ಹಾಕಿದ ಕ್ಯಾಥೆಟರ್ ಸುತ್ತ ಕೆಂಪಾಗಿದ್ದರೆ, ಕಾಯುವುದೇ ಒಳ್ಳೆಯದು. ನೆಟ್ಟ ಸಸಿಗೆ ಮಾರನೆಯ ದಿನವೇ ಕಳೆನಾಶಕ ಸಿಂಪಡಿಸಿದಂತೆ ಆಗುತ್ತದೆ, ಒಬ್ಬ ದಾನಿಯ ಡೋಸ್ ಪೂರ್ತಿ ವ್ಯರ್ಥ. ಅಸೈಕ್ಲೋವಿರ್, ಲೆಟರ್ಮೋವಿರ್, ಪೋಸಕೊನಜೋಲ್ ಇವು ವೈರಸ್, ಶಿಲೀಂಧ್ರಗಳ ಔಷಧಗಳು, ಬ್ಯಾಕ್ಟೀರಿಯಾದವಲ್ಲ, ಇವನ್ನು ನಿಲ್ಲಿಸಬೇಡಿ. ಲಿವೊಫ್ಲಾಕ್ಸಸಿನ್, ಕೋಟ್ರೈಮಾಕ್ಸಜೋಲ್ ವಿಷಯ ಹಾಗಲ್ಲ: ನಿಲ್ಲಿಸಬಹುದೇ, ಬದಲಿ ಕೊಡಬಹುದೇ ಎಂದು ಕಸಿ ತಂಡವೇ ತೀರ್ಮಾನಿಸಬೇಕು.

ದಾನಿ

2019ರ ಜೂನ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಂದು ಎಚ್ಚರಿಕೆ ಹೊರಡಿಸಿತು. ಒಬ್ಬನೇ ದಾನಿಯ ಮಲದಿಂದ ಮಾಡಿದ ಕ್ಯಾಪ್ಸೂಲ್ ಪಡೆದ ಇಬ್ಬರಿಗೆ ಹಲವು ಆ್ಯಂಟಿಬಯೋಟಿಕ್‌ಗಳಿಗೆ ಬಗ್ಗದ ಇಎಸ್‌ಬಿಎಲ್ ತಳಿಯ ಇ ಕೋಲಿ ಬ್ಯಾಕ್ಟೀರಿಯಾ ರಕ್ತಕ್ಕೆ ಹರಡಿತ್ತು. ಅವರಲ್ಲಿ ಸ್ಟೆಮ್ ಸೆಲ್ ಕಸಿಯ ರೋಗಿ ತೀರಿಕೊಂಡರು. ಆ ದಾನಿಯ ಮಲವನ್ನು ಬಹುಔಷಧ ನಿರೋಧಕ ಬ್ಯಾಕ್ಟೀರಿಯಾಗಳಿಗಾಗಿ ಪರೀಕ್ಷಿಸುವ ನಿಯಮ ಬರುವ ಮುನ್ನವೇ ಕ್ಯಾಪ್ಸೂಲ್‌ಗಳು ತಯಾರಾಗಿದ್ದವು. ನಿಯಮ ಬಂದ ಬಳಿಕ ಹಳೆಯ ದಾಸ್ತಾನನ್ನು ಮರುಪರೀಕ್ಷಿಸಿರಲಿಲ್ಲ. ಪರೀಕ್ಷೆಯ ಪಟ್ಟಿಗೆ ಹೊಸದೇನಾದರೂ ಸೇರಿದ ದಿನ ಫ್ರೀಜರ್‌ನಲ್ಲಿರುವ ಹಳೆಯ ಚೀಲಗಳನ್ನೂ ಅದಕ್ಕೆ ಒಳಪಡಿಸಬೇಕು, ಆಗದಿದ್ದರೆ ಎಸೆಯಬೇಕು. ಇದರಲ್ಲಿ ರಾಜಿಯೇ ಇಲ್ಲ.

ಮೊದಲು ಪ್ರಶ್ನಾವಳಿ: ಇತ್ತೀಚಿನ ಆ್ಯಂಟಿಬಯೋಟಿಕ್ ಬಳಕೆ, ಆಸ್ಪತ್ರೆ ವಾಸ, ಆಸ್ಪತ್ರೆಯಲ್ಲಿ ಕೆಲಸ, ಪ್ರಯಾಣ, ಭೇದಿ, ಹಚ್ಚೆ, ಲೈಂಗಿಕ ಸೋಂಕಿನ ಅಪಾಯ, ಕರುಳಿನ ಕಾಯಿಲೆ, ಮಧುಮೇಹ, ತೀವ್ರ ಬೊಜ್ಜು, ಕ್ಯಾನ್ಸರ್. ರಕ್ತದಲ್ಲಿ ಎಚ್‌ಐವಿ, ಹೆಪಟೈಟಿಸ್ ಎ, ಬಿ, ಸಿ, ಸಿಫಿಲಿಸ್, ಎಚ್‌ಟಿಎಲ್‌ವಿ ವೈರಸ್, ಸ್ಟ್ರಾಂಜಿಲಾಯ್ಡಿಸ್ ಎಂಬ ಕರುಳಿನ ಹುಳು. ಇಷ್ಟು ಎಲ್ಲ ದಾನಿಗಳಿಗೂ ಅನ್ವಯ. ನಮ್ಮ ರೋಗಿಗಳಿಗೆ ಸೈಟೊಮೆಗಾಲೋವೈರಸ್ ಮತ್ತು ಎಪ್ಸ್ಟೈನ್-ಬಾರ್ ವೈರಸ್‌ಗಳನ್ನೂ ಸೇರಿಸಬೇಕು. ಇವೆರಡೂ ನೆಗೆಟಿವ್ ಇರುವ ರೋಗಿಗೆ ನೆಗೆಟಿವ್ ದಾನಿಯನ್ನೇ ಹುಡುಕಿ. ಮಲದಲ್ಲಿ ಸಿ ಡಿಫ್, ಸಾಲ್ಮೊನೆಲ್ಲಾ, ಶಿಗೆಲ್ಲಾ, ಕ್ಯಾಂಪಿಲೊಬ್ಯಾಕ್ಟರ್, ಶಿಗಾ ಟಾಕ್ಸಿನ್ ಹೊರಸೂಸುವ ಇ ಕೋಲಿ, ರೋಗಕಾರಕವಾದ ಇಪಿಇಸಿ ತಳಿ, ಜಿಯಾರ್ಡಿಯಾ, ಕ್ರಿಪ್ಟೊಸ್ಪೊರಿಡಿಯಮ್, ಇತರ ಪರಾವಲಂಬಿಗಳು, ನೊರೊ, ರೋಟಾ, ಅಡೆನೊ ವೈರಸ್‌ಗಳು, ಸಾರ್ಸ್-ಕೋವ್-2. ಜೊತೆಗೆ ಬಹುಔಷಧ ನಿರೋಧಕ ಬ್ಯಾಕ್ಟೀರಿಯಾಗಳಾದ ಇಎಸ್‌ಬಿಎಲ್, ವಿಆರ್‌ಇ, ಸಿಆರ್‌ಇ, ಎಂಆರ್‌ಎಸ್‌ಎ. ಒಂದು ಸಲದ ಪರೀಕ್ಷೆ ಸಾಲದು. ದಾನದ ಅವಧಿಯ ಆರಂಭದಲ್ಲೊಮ್ಮೆ, ಕೊನೆಯಲ್ಲೊಮ್ಮೆ ಪರೀಕ್ಷಿಸಿ, ಎರಡೂ ಸ್ವಚ್ಛ ಬಂದ ಮೇಲಷ್ಟೇ ನಡುವೆ ಸಂಗ್ರಹಿಸಿದ್ದನ್ನು ಬಳಕೆಗೆ ಬಿಡುಗಡೆ ಮಾಡಬೇಕು. ರೋಗಿಗೆ ಯಾವುದಾದರೂ ಆಹಾರದ ಅಲರ್ಜಿ ಇದ್ದರೆ ದಾನಿ ಅದನ್ನು ಬಿಟ್ಟಿರಬೇಕು.

ಸ್ಟೆಮ್ ಸೆಲ್ ಕೊಟ್ಟ ಅಣ್ಣನೋ ತಂಗಿಯೋ ಮಲವನ್ನೂ ಕೊಡುತ್ತೇನೆ ಎನ್ನುವುದುಂಟು. ಪ್ರೀತಿಯ ಮಾತು ಅದು, ಗೌರವದಿಂದಲೇ ಕೇಳಿಸಿಕೊಳ್ಳಿ. ಆದರೆ ಸ್ಟೆಮ್ ಸೆಲ್‌ಗೆ ನೋಡುವ ಎಚ್‌ಎಲ್‌ಎ ಎಂಬ ಅಂಗಾಂಶ ಗುರುತುಗಳ ಹೊಂದಾಣಿಕೆಗೂ ಇದಕ್ಕೂ ಸಂಬಂಧವಿಲ್ಲ. ವಾರಗಟ್ಟಲೆ ಆಸ್ಪತ್ರೆಯಲ್ಲಿ ರೋಗಿಯ ಪಕ್ಕದಲ್ಲೇ ಮಲಗಿದ್ದವರ ಕರುಳಿಗೆ ಆಸ್ಪತ್ರೆಯ ಬ್ಯಾಕ್ಟೀರಿಯಾ ಸೇರಿರುವ ಸಾಧ್ಯತೆಯೂ ಇದೆ. ಪರೀಕ್ಷೆ ಅವರಿಗೂ ಒಂದಿಷ್ಟೂ ಸಡಿಲವಾಗಬಾರದು.

ರೋಗಿಯ ಸ್ವಂತ ಮಲವೂ ಒಂದು ದಾರಿ. ಕಸಿಗೆ ಮುಂಚೆಯೇ ಸಂಗ್ರಹಿಸಿ, ಕಣಗಳು ಮರಳಿದ ಮೇಲೆ ವಾಪಸು ಕೊಡುವುದು. 2018ರಲ್ಲಿ ಪ್ರಕಟವಾದ ನ್ಯೂಯಾರ್ಕಿನ 25 ರೋಗಿಗಳ ಪ್ರಯೋಗದಲ್ಲಿ ಹೀಗೆ ಪಡೆದ 14 ಮಂದಿಯ ಕರುಳಿನ ವೈವಿಧ್ಯ ಹಿಂದಿನ ಸ್ಥಿತಿಯತ್ತ ಮರಳಿತು. ಲ್ಯುಕೇಮಿಯಾ ಚಿಕಿತ್ಸೆಯಲ್ಲಿ ಅದಾಗಲೇ ಹಲವು ಆ್ಯಂಟಿಬಯೋಟಿಕ್ ಪಡೆದವರ ಮಲದಲ್ಲಿ ಕಾಪಾಡುವಂಥದ್ದು ಹೆಚ್ಚು ಉಳಿದಿರುವುದಿಲ್ಲ ಎಂಬುದೇ ಇದರ ಮಿತಿ.

ತಯಾರಿ ಮತ್ತು ಕೊಡುವ ಬಗೆ

ಮಲ ಹೊರಬಂದ 6 ಗಂಟೆಯೊಳಗೆ ಸಂಸ್ಕರಣೆ ಮುಗಿಯಬೇಕು. ತಡವಾದಷ್ಟೂ ಗಾಳಿಗೆ ಸಾಯುವ ಬ್ಯಾಕ್ಟೀರಿಯಾಗಳು ಕಡಿಮೆಯಾಗುತ್ತವೆ. ಒಂದು ಡೋಸ್‌ಗೆ ಕನಿಷ್ಠ 30 ಗ್ರಾಂ, ಸಾಧ್ಯವಾದರೆ 50 ಗ್ರಾಂ ಮಲ. 30 ಗ್ರಾಂಗೆ 150 ಮಿಲಿ ಸ್ಟೆರೈಲ್ ಸಲೈನ್ ಸೇರಿಸಿ ಕಲಸಿ, ನಳಿಗೆ ಕಟ್ಟಿಕೊಳ್ಳದಂತೆ ಸೋಸಿ. ಶೈತ್ಯಕ್ಕೆ ಹಾಕುವುದಾದರೆ ಒಟ್ಟು ದ್ರವದಲ್ಲಿ ಶೇ 10ರಷ್ಟು ಗ್ಲಿಸರಾಲ್ ಇರಲಿ, ಇಲ್ಲದಿದ್ದರೆ ಹಿಮಕಣಗಳು ಬ್ಯಾಕ್ಟೀರಿಯಾದ ಗೋಡೆ ಒಡೆಯುತ್ತವೆ. ಮೈನಸ್ 80 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಟ್ಟು 6 ತಿಂಗಳೊಳಗೆ ಬಳಸಿ. ಕರಗಿಸಲು 37 ಡಿಗ್ರಿ ನೀರು ಸಾಕು. ಕರಗಿದ 6 ಗಂಟೆಯೊಳಗೆ ಕೊಡಿ, ಉಳಿದದ್ದನ್ನು ಮತ್ತೆ ಹೆಪ್ಪುಗಟ್ಟಿಸಬೇಡಿ. ಪ್ರತಿ ಡೋಸ್‌ನ ಒಂದು ಸಣ್ಣ ಭಾಗವನ್ನು ದಾನಿಯ ಸಂಕೇತ ಸಂಖ್ಯೆಯೊಂದಿಗೆ ಬೇರೆಯಾಗಿ ಕಾದಿಡಿ. ಮುಂದೆ ರೋಗಿಯ ರಕ್ತದಲ್ಲಿ ಬ್ಯಾಕ್ಟೀರಿಯಾ ಬೆಳೆದರೆ ಅದು ದಾನಿಯಿಂದ ಬಂದದ್ದೋ ಅಲ್ಲವೋ ಎಂದು ಹೇಳಲು ಅದೊಂದೇ ದಾರಿ.

ಕ್ಯಾಪ್ಸೂಲ್ ಈ ರೋಗಿಗಳಿಗೆ ಹಲವು ಸಲ ಅನುಕೂಲ, ಅರಿವಳಿಕೆಯಾಗಲಿ ನಳಿಗೆಯಾಗಲಿ ಬೇಕಿಲ್ಲ. 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 13 ಕಸಿ ರೋಗಿಗಳಿಗೆ ದಿನಕ್ಕೆ 15ರಂತೆ ಸತತ ಎರಡು ದಿನ ಕೊಟ್ಟಿದ್ದರು. ಬಾಯಿಹುಣ್ಣು ಮಾಸಿರಬೇಕು, ವಾಂತಿ ಹತೋಟಿಯಲ್ಲಿರಬೇಕು. ಕೂರಿಸಿ, ಒಂದೊಂದಾಗಿ, ಗುಟುಕು ನೀರಿನೊಂದಿಗೆ ಕೊಡಿ. ಕ್ಯಾಪ್ಸೂಲನ್ನು ಫ್ರೀಜರ್‌ನಿಂದ ಬೇಗ ತೆಗೆದಿಟ್ಟರೆ ಕವಚ ಮೆತ್ತಗಾಗಿ ಒಂದಕ್ಕೊಂದು ಅಂಟುತ್ತವೆ, ಬಾಯಲ್ಲೇ ಒಡೆಯುತ್ತವೆ. ರೋಗಿ ಕುಳಿತು ಸಿದ್ಧರಾದ ಮೇಲೆ ತರಿಸಿ.

ಮೂಗಿನ ನಳಿಗೆಯಲ್ಲಿ ಕೊಟ್ಟರೆ 100 ಮಿಲಿ ದಾಟಬೇಡಿ, ನಿಧಾನವಾಗಿ ಬಿಡಿ, ತಲೆಭಾಗ ಎತ್ತರಿಸಿಡಿ. ವಾಂತಿಯಾಗಿ ಶ್ವಾಸಕೋಶಕ್ಕೆ ಇಳಿಯುವುದೇ ಇಲ್ಲಿನ ದೊಡ್ಡ ಭಯ. ಜಿವಿಎಚ್‌ಡಿಯಿಂದ ಕರುಳಿನ ಪದರ ಕಳಚಿರುವವರಲ್ಲಿ ಕೊಲೊನೋಸ್ಕೋಪಿ ತೂತು ಬೀಳಿಸಬಹುದು, ಅವರಿಗೆ ಎನಿಮಾ ಹೆಚ್ಚು ಸುರಕ್ಷಿತ. ಎಡ ಮಗ್ಗುಲಿಗೆ ಮಲಗಿಸಿ, ಕೊಟ್ಟ ಮೇಲೆ ಕನಿಷ್ಠ 30 ನಿಮಿಷ ತಡೆದುಕೊಳ್ಳಲು ಹೇಳಿ. ಕರುಳಿನ ಚಲನೆ ತಗ್ಗಿಸುವ ಲೋಪರಮೈಡ್ ಒಂದು ಡೋಸ್ ಕೆಲವರಿಗೆ ನೆರವಾಗುತ್ತದೆ, ಹೊಟ್ಟೆ ಉಬ್ಬಿದ್ದರೆ ಅಥವಾ ಸಿ ಡಿಫ್ ತೀವ್ರವಾಗಿದ್ದರೆ ಬೇಡ. ಕರುಳು ಖಾಲಿ ಮಾಡುವ ಔಷಧ ಕೊಟ್ಟಿದ್ದರೆ ಅದೇ ದಿನ ಪೊಟ್ಯಾಸಿಯಮ್, ಮೆಗ್ನೀಸಿಯಮ್ ನೋಡಿ. ಜಿವಿಎಚ್‌ಡಿ ತಡೆಯಲು ಟ್ಯಾಕ್ರೊಲಿಮಸ್ ತೆಗೆದುಕೊಳ್ಳುವವರಲ್ಲಿ ಮೆಗ್ನೀಸಿಯಮ್ ಮೊದಲೇ ಕಡಿಮೆ ಇರುತ್ತದೆ.

ಆ ಮೇಲೆ

ಮೊದಲ ಒಂದೆರಡು ದಿನ ಹೊಟ್ಟೆ ಗುಡುಗುಟ್ಟುವುದು, ಉಬ್ಬರ, ನಾಲ್ಕಾರು ಸಲ ಸಡಿಲ ಭೇದಿ ಸಹಜ. 38 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಜ್ವರ ಸಹಜವಲ್ಲ. ‘ಎಫ್‌ಎಂಟಿಯಿಂದ ಹೀಗಾಗುತ್ತದೆ’ ಎಂದು ಕಾಯದೆ ಕ್ಯಾಥೆಟರಿನ ಪ್ರತಿ ಒಳನಾಳದಿಂದಲೂ (ಲೂಮೆನ್) ಹೊರಗಿನ ರಕ್ತನಾಳದಿಂದಲೂ ಕಲ್ಚರ್‌ಗೆ ರಕ್ತ ತೆಗೆದು, ಆ್ಯಂಟಿಬಯೋಟಿಕ್ ಶುರುಮಾಡಿ. ಈ ಕ್ಷಣದಲ್ಲಿ ಹೊಸ ಬ್ಯಾಕ್ಟೀರಿಯಾ ಉಳಿಯಲಿ ಎಂಬ ಆಸೆಗಿಂತ ರೋಗಿ ದೊಡ್ಡವರು. ಮನೆಗೆ ಹೋದವರಿಗೆ ಥರ್ಮಾಮೀಟರ್ ಮತ್ತು 24 ಗಂಟೆ ಸಿಗುವ ಫೋನ್ ಸಂಖ್ಯೆ ಎರಡೂ ಕೈಯಲ್ಲಿರಬೇಕು.

ಮಲದ ಪ್ರಮಾಣವನ್ನು ಅಂದಾಜಿನಲ್ಲಿ ಬರೆಯಬೇಡಿ, ಅಳೆಯಿರಿ. ವಯಸ್ಕರಲ್ಲಿ ದಿನಕ್ಕೆ 500ರಿಂದ 999 ಮಿಲಿ ಇದ್ದರೆ ಕರುಳಿನ ಜಿವಿಎಚ್‌ಡಿ ಮೊದಲ ಹಂತ, 1,000ದಿಂದ 1,500 ಎರಡನೆಯದು, ಅದಕ್ಕೂ ಮೇಲೆ ಮೂರನೆಯದು. ‘ಸ್ವಲ್ಪ ಕಡಿಮೆಯಾಗಿದೆ’ ಎಂಬ ಟಿಪ್ಪಣಿಯಿಂದ ಯಾರೂ ಏನನ್ನೂ ತೀರ್ಮಾನಿಸಲಾರರು. ಭೇದಿ ಹೆಚ್ಚಾದಾಗ ಟ್ಯಾಕ್ರೊಲಿಮಸ್ ಮಟ್ಟ ರಕ್ತದಲ್ಲಿ ಏರುತ್ತದೆ, ನಿಂತಾಗ ಇಳಿಯಬಹುದು. ಆದ್ದರಿಂದ ಆ ವಾರ ಮಟ್ಟವನ್ನು ಎಂದಿಗಿಂತ ಹೆಚ್ಚು ಸಲ ನೋಡಿ. ಸಿ ಡಿಫ್ ರೋಗಿಯ ಕೋಣೆಯಲ್ಲಿ ಸ್ಯಾನಿಟೈಸರ್ ನಂಬಬೇಡಿ, ಆಲ್ಕೋಹಾಲ್ ಬೀಜಕಣಗಳನ್ನು ಕೊಲ್ಲುವುದಿಲ್ಲ. ಕೈಗೆ ಸೋಪು ನೀರು, ಕಮೋಡು ಮತ್ತು ಮಂಚದ ಕಂಬಿಗೆ ಕ್ಲೋರಿನ್ ದ್ರಾವಣ.

ಭೇದಿ ನಿಂತಿದ್ದರೆ ಸಿ ಡಿಫ್ ಹೋಯಿತೇ ಎಂದು ಮಲ ಪರೀಕ್ಷೆ ಮಾಡಿಸಬೇಡಿ. ಪಾಸಿಟಿವ್ ಬಂದರೆ ಬೇಡದ ವ್ಯಾಂಕೊಮೈಸಿನ್ ಶುರುವಾಗಿ ಮಾಡಿದ್ದೆಲ್ಲ ಕೆಡುತ್ತದೆ. 8 ವಾರದವರೆಗೆ ಲಕ್ಷಣಗಳ ಮೇಲೆ ಕಣ್ಣಿಡಿ. ಜಿವಿಎಚ್‌ಡಿಯಲ್ಲಿ ಒಂದೇ ಡೋಸ್ ಸಾಲದೆ ಮತ್ತೆ ಮತ್ತೆ ಕೊಡಬೇಕಾಗುವುದು ಸಾಮಾನ್ಯ. ಮರಳಿ ಕೊಡುವ ಮುನ್ನ ನ್ಯೂಟ್ರೋಫಿಲ್, ಆ್ಯಂಟಿಬಯೋಟಿಕ್ ಪಟ್ಟಿ, ಹೊಟ್ಟೆಯ ಸ್ಥಿತಿ ಮೂರನ್ನೂ ಮೊದಲ ಸಲದಷ್ಟೇ ಬಿಗಿಯಾಗಿ ನೋಡಿ. ಮೊದಲ ದಾನಿಯ ಬ್ಯಾಕ್ಟೀರಿಯಾ ನೆಲೆಗೊಂಡಿಲ್ಲವೆಂದು ಕಂಡರೆ, ನಡುವೆ ಆ್ಯಂಟಿಬಯೋಟಿಕ್ ಹೋಗಿಲ್ಲ ಎಂದು ಖಚಿತವಾದ ಬಳಿಕ, ಬೇರೆ ದಾನಿಯನ್ನು ಆರಿಸುವ ಮಾತಾಡಿ.