ಕತ್ತಲಲ್ಲೂ ಕೈಗೆ ಸಿಗುವ ಹಾಲಿನ ಬಾಟಲಿ

ನಡುರಾತ್ರಿ ಮಗು ಅಳುತ್ತದೆ. ದೀಪ ಹಾಕಿದರೆ ಪಕ್ಕದಲ್ಲಿ ಮಲಗಿದ ದೊಡ್ಡ ಮಗುವೂ ಎದ್ದು ಕೂರುತ್ತದೆ, ಹಾಕದೆ ತಡಕಾಡಿದರೆ ಬಾಟಲಿ ಉರುಳಿ ಮಂಚದಡಿ ಸೇರುತ್ತದೆ. ಬಾಟಲಿಗೆ ಹೊಳೆಯುವ ಪಟ್ಟಿ ಹಾಕುವುದು ಸುಲಭದ ಉಪಾಯ. ಆದರೂ ಬಹಳಷ್ಟು ಮನೆಗಳಲ್ಲಿ ಅದು ಕೆಲಸಕ್ಕೆ ಬರುವುದಿಲ್ಲ. ತಪ್ಪು ಪಟ್ಟಿ ತಂದಿರುತ್ತಾರೆ, ಇಲ್ಲವೇ ಸರಿಯಾದದ್ದನ್ನು ತಂದು ಬೆಳಕು ಉಣಿಸುವುದನ್ನು ಮರೆತಿರುತ್ತಾರೆ.

ನಂಬರ್ ಪ್ಲೇಟ್ ಅಂಟಿಸುವ ಅಂಗಡಿಯಲ್ಲಿ ‘ರೇಡಿಯಂ’ ಕೇಳಿ ತರಬೇಡಿ. ಅದು ಮೇಲೆ ಬಿದ್ದ ಬೆಳಕನ್ನು ವಾಪಸು ಎಸೆಯುವ ಹಾಳೆ ಅಷ್ಟೇ. ಹೆಡ್‌ಲೈಟ್ ಬಿದ್ದರೆ ಫಳಫಳ, ಕತ್ತಲ ಕೋಣೆಯಲ್ಲಿ ಏನೂ ಇಲ್ಲ. ಬೇಕಾದದ್ದು ಬೆಳಕು ಹೀರಿಕೊಂಡು ತಾನೇ ಹೊಳೆಯುವ ಸಿಲಿಕೋನ್ ಬ್ಯಾಂಡ್, ಮಕ್ಕಳು ಕೈಗೆ ಹಾಕಿಕೊಳ್ಳುವಂಥದ್ದು. ಮೈಸೂರಿನವರು ದೇವರಾಜ ಮಾರುಕಟ್ಟೆ ಸುತ್ತಲಿನ ಫ್ಯಾನ್ಸಿ ಅಂಗಡಿಗಳಲ್ಲಿ ಕೇಳಿ ನೋಡಿ. ಹಸಿರು ಹೊಳಪಿನದನ್ನೇ ಆರಿಸಿ, ಮಬ್ಬಿನಲ್ಲಿ ನಮ್ಮ ಕಣ್ಣಿಗೆ ಚೆನ್ನಾಗಿ ಕಾಣುವುದು ಅದೇ. ಉಗುರಿನಿಂದ ಕೆರೆದಾಗ ಬಣ್ಣ ಎದ್ದರೆ ಅಂಗಡಿಯಲ್ಲೇ ಬಿಟ್ಟು ಬನ್ನಿ.

ಬ್ಯಾಂಡಿನಲ್ಲಿ ಬೆರೆಸಿರುವ ಹೊಳೆಯುವ ಪುಡಿಯಲ್ಲೂ ಎರಡು ಬಗೆ. ಹಳೆಯ ಕಾಲದ ಸತುವಿನ ಸಲ್ಫೈಡ್ ಬೇಗ ಮಂಕಾಗುತ್ತದೆ. ಸ್ಟ್ರಾನ್ಷಿಯಂ ಅಲ್ಯೂಮಿನೇಟ್ ಗಂಟೆಗಟ್ಟಲೆ ತಡೆಯುತ್ತದೆ. ಪೊಟ್ಟಣದ ಮೇಲೆ ಇದನ್ನು ಬರೆದಿರುವುದು ಅಪರೂಪ. ಬ್ಯಾಂಡನ್ನು ಟ್ಯೂಬ್‌ಲೈಟಿನಡಿ ಹಿಡಿದು ಬೀರುವಿನೊಳಗಿಟ್ಟು, ಒಂದು ಗಂಟೆ ಬಿಟ್ಟು ರಾತ್ರಿ ದೀಪವಿಲ್ಲದೆ ತೆರೆಯಿರಿ. ಕಾಣದಿದ್ದರೆ ಅದು ಆಟದ ಸಾಮಾನು.

ಬಾಟಲಿಯ ಸುತ್ತಳತೆಯನ್ನು ದಾರದಿಂದ ಅಳೆಯಿರಿ. ಬ್ಯಾಂಡ್ ಅದಕ್ಕಿಂತ ಹತ್ತನೇ ಒಂದು ಪಾಲು ಚಿಕ್ಕದಿರಲಿ: 20 ಸೆಂ.ಮೀ. ಸುತ್ತಿನ ಬಾಟಲಿಗೆ 18 ಸೆಂ.ಮೀ. ಬ್ಯಾಂಡ್. ಸಡಿಲವಾಯಿತೆಂದು ಕತ್ತರಿಸಿ ಅಂಟಿಸುವ ಅಡ್ಡದಾರಿ ಬೇಡ, ಅಂಟು ಬಿಟ್ಟರೆ ಆ ತುಂಡು ಮಗುವಿನ ಬಾಯಿಗೆ ಹೋಗಬಹುದು. ಹಳೆಯ ಕಾಲುಚೀಲದ ಮೇಲ್ಭಾಗವನ್ನು ಮೂರು ಬೆರಳಗಲ ಕತ್ತರಿಸಿ ಬಾಟಲಿಗೆ ತೊಡಿಸಿ, ಅದರ ಮೇಲೆ ಬ್ಯಾಂಡ್ ಹಾಕಿ. ಬಾಟಲಿ ಕೈಯಿಂದ ಜಾರುವುದೂ ತಪ್ಪುತ್ತದೆ. ಬ್ಯಾಂಡ್ ಇರಬೇಕಾದದ್ದು ಬಾಟಲಿಯ ಬುಡದ ಕಡೆ. ನಿಪ್ಪಲ್‌ನಿಂದ ದೂರ, ಮಿಲಿ ಗೆರೆಗಳು ಮುಚ್ಚದಂತೆ.

ಇನ್ನು ಬೆಳಕು ಉಣಿಸುವ ವಿಷಯ. ನಮ್ಮ ಕಡೆ ಬಾಣಂತಿ ಕೋಣೆಯ ಕಿಟಕಿಗೆ ಹಗಲಲ್ಲೂ ಪರದೆ. ಅಲ್ಲೇ ಇಟ್ಟ ಬ್ಯಾಂಡ್ ದಿನವಿಡೀ ಹಸಿದೇ ಇರುತ್ತದೆ. ಬೆಳಗ್ಗೆ ಬಿಸಿಲಿಗೆ ಇಟ್ಟೆವಲ್ಲ ಎನ್ನುತ್ತಾರೆ; ಆಮೇಲೆ ಕತ್ತಲ ಕೋಣೆಗೆ ತಂದಿಟ್ಟರೆ ಆ ಬಿಸಿಲು ನಡುರಾತ್ರಿಯ ಹೊತ್ತಿಗೆ ಬಹುಪಾಲು ಖರ್ಚಾಗಿರುತ್ತದೆ. ಮಲಗುವ ಮುಂಚಿನ ಬೆಳಕೇ ಮುಖ್ಯ. ಬಿಳಿ ಎಲ್ಇಡಿ ಅಥವಾ ಟ್ಯೂಬ್‌ಲೈಟಿನಿಂದ ಒಂದಡಿ ದೂರದಲ್ಲಿ ಹದಿನೈದು ನಿಮಿಷ ಇಡಿ, ನಡುವೆ ಒಮ್ಮೆ ತಿರುಗಿಸಿ, ಇಲ್ಲದಿದ್ದರೆ ಒಂದೇ ಮಗ್ಗುಲು ಹೊಳೆಯುತ್ತದೆ. ಹಳದಿ ಬಲ್ಬಿನಿಂದ ಪ್ರಯೋಜನ ಕಡಿಮೆ, ಪುಡಿಗೆ ಬೇಕಾದ ನೀಲಿ-ನೇರಳೆ ಬೆಳಕು ಅದರಲ್ಲಿ ಅಲ್ಪ. ಕರೆಂಟ್ ಇಲ್ಲದ ರಾತ್ರಿ ಮೊಬೈಲ್ ಟಾರ್ಚನ್ನು ಬ್ಯಾಂಡಿಗೆ ತಾಗಿಸಿ ಸುತ್ತಲೂ ನಿಧಾನವಾಗಿ ಆಡಿಸಿದರೂ ನಡೆಯುತ್ತದೆ.

ಮೊದಲ ಕಾಲು ಗಂಟೆ ಜೋರಾಗಿ ಹೊಳೆದು ನಂತರ ಇಳಿಯುವುದು ಸಹಜ, ಕೆಟ್ಟಿತೆಂದುಕೊಳ್ಳಬೇಡಿ. ಕತ್ತಲಿಗೆ ಹೊಂದಿಕೊಂಡ ಕಣ್ಣಿಗೆ ಆ ಮಂದ ಹಸಿರೂ ಸಾಕು. ಎಚ್ಚರವಾದ ಕೂಡಲೇ ಮೊಬೈಲ್ ತೆರೆದು ಟೈಮ್ ನೋಡಿದರೆ ಮಾತ್ರ ಕಣ್ಣು ಮತ್ತೆ ಹೊಂದಿಕೊಳ್ಳಲು ಹೊತ್ತು ಬೇಕು. ಬ್ಯಾಂಡನ್ನೇ ನೆಟ್ಟಗೆ ದಿಟ್ಟಿಸುವ ಬದಲು ಸ್ವಲ್ಪ ಪಕ್ಕಕ್ಕೆ ನೋಡಿ, ಇನ್ನೂ ಚೆನ್ನಾಗಿ ಕಾಣುತ್ತದೆ.

ಬಾಟಲಿಗೆ ನಿಗದಿತ ಜಾಗ ಬೇಕೇ ಬೇಕು. ಅಂಚಿರುವ ಸ್ಟೀಲ್ ತಟ್ಟೆಯಲ್ಲಿಡಿ, ಉರುಳುವುದಿಲ್ಲ. ಮಂಡ್ಯದ ನಾಲೆ ಬಯಲಿನ ಊರುಗಳಲ್ಲಿ ಸೊಳ್ಳೆ ಪರದೆ ಇಲ್ಲದೆ ನಿದ್ದೆಯಿಲ್ಲ. ಪರದೆಯ ಅಂಚು ಎತ್ತಿದ ಕೈ ನೇರ ತಲುಪುವಲ್ಲಿ ತಟ್ಟೆ ಇರಲಿ. ಇರುವೆ ಕಾಟವಿದ್ದರೆ ಆ ತಟ್ಟೆಯನ್ನು ನೀರು ತುಂಬಿದ ಅಗಲ ತಟ್ಟೆಯೊಳಗಿಡಿ.

ತಟ್ಟೆಯಲ್ಲಿರಬೇಕಾದದ್ದು ಕುದಿಸಿ ಆರಿಸಿದ ಖಾಲಿ ಬಾಟಲಿ ಮತ್ತು ಅಳೆದಿಟ್ಟ ಹಾಲಿನ ಪುಡಿ. ಕಲಸಿದ ಪುಡಿಹಾಲನ್ನು ಕೋಣೆಯಲ್ಲಿ ಎರಡು ಗಂಟೆ ಮೀರಿ ಇಡುವಂತಿಲ್ಲ, ಮಗು ಕುಡಿದು ಬಿಟ್ಟದ್ದನ್ನು ಚೆಲ್ಲಬೇಕು. ಬೆರೆಸುವ ನೀರು 70 ಡಿಗ್ರಿಗಿಂತ ಕಡಿಮೆ ಇರಬಾರದು. ಸಂಜೆ ತುಂಬಿದ ಫ್ಲಾಸ್ಕಿನಲ್ಲಿ ಅಷ್ಟು ಬಿಸಿ ಉಳಿದಿರುತ್ತದೆಂಬ ಭರವಸೆಯಿಲ್ಲ. ಬಿಸಿನೀರು ಸುರಿಯುವಾಗ ಕೆಂಪು ಝೀರೋ ಬಲ್ಬ್ ಹಾಕಿಕೊಳ್ಳಿ, ಕಲಸಿದ ಹಾಲನ್ನು ಆರಿಸಿ ಮಣಿಕಟ್ಟಿನ ಮೇಲೆ ಒಂದು ಹನಿ ಬಿಟ್ಟು ನೋಡಿ. ಬ್ಯಾಂಡ್ ಇರುವುದು ಬಾಟಲಿ ಹುಡುಕಲು ಮಾತ್ರ. ಒಳಲೆಯಲ್ಲಿ ಹಾಲು ಕುಡಿಸುವವರು ಬ್ಯಾಂಡನ್ನು ಒಳಲೆ ಇಡುವ ಡಬ್ಬಿಗೆ ಹಾಕಿಕೊಳ್ಳಬಹುದು.

ಬಟನ್ ಸೆಲ್ ಹಾಕಿದ ಮಿನುಗು ದೀಪಗಳನ್ನು ಬಾಟಲಿಯ ಹತ್ತಿರವೂ ತರಬೇಡಿ. ಆ ಸೆಲ್ ನುಂಗಿದರೆ ಎರಡು ಗಂಟೆಯೊಳಗೇ ಅನ್ನನಾಳ ಸುಡಬಹುದು. ಮುರಿದರೆ ಹೊಳೆಯುವ ಕಡ್ಡಿಗಳೂ ಬೇಡ, ಒಳಗಿನ ದ್ರವ ಸೋರಬಹುದು.

ಬಾಟಲಿ ಕುದಿಸುವ ಮುಂಚೆ ಪ್ರತಿ ಸಲ ಬ್ಯಾಂಡ್ ತೆಗೆಯಿರಿ. ಅದರಡಿ ಸೇರಿದ ಹಾಲು ಹುಳಿ ವಾಸನೆ ಹಿಡಿದು ಬೂಸ್ಟು ಕಟ್ಟುತ್ತದೆ. ಬ್ಯಾಂಡನ್ನು ಸೋಪಿನಿಂದ ತೊಳೆದು ಒರೆಸಿ, ಕಾಲುಚೀಲದ ಪಟ್ಟಿಯನ್ನು ದಿನವೂ ಬದಲಿಸಿ. ಮಗು ಬಾಟಲಿಯನ್ನು ತಾನೇ ಹಿಡಿದು ಕಚ್ಚಾಡತೊಡಗಿದ ಮೇಲೆ ಬ್ಯಾಂಡನ್ನು ಬಾಟಲಿಯಿಂದ ತೆಗೆದು, ಮಗುವಿನ ಕೈಗೆಟುಕದ ತಟ್ಟೆಯಲ್ಲಿ ಬಾಟಲಿಯ ಬುಡದ ಸುತ್ತ ಹರವಿಡಿ.