ಟೆಂಪೋ ಇಲ್ಲದೆ ಧರ್ಮಸ್ಥಳಕ್ಕೆ: ನಾಲ್ಕು ಕಿಲೋ ಚೀಲದ ಲೆಕ್ಕ

ಹಾಸನದಿಂದ ಧರ್ಮಸ್ಥಳಕ್ಕೆ ಪಾದಯಾತ್ರೆ ಎಂದರೆ ನಮ್ಮ ಕಡೆ ಹಿಂದೊಂದು ಟೆಂಪೋ ಇರಲೇಬೇಕು. ಹಾಸಿಗೆ, ಅಕ್ಕಿ, ಪಾತ್ರೆ, ಸಿಲಿಂಡರ್ ಎಲ್ಲ ಅದರಲ್ಲಿ. ಜನ ಕೈಬೀಸಿಕೊಂಡು ನಡೆಯುತ್ತಾರೆ. ಎಲ್ಲವನ್ನೂ ನಾನೇ ಹೊತ್ತು ನಡೆಯುತ್ತೇನೆ ಎಂದಾಗ ನಮ್ಮ ತಂಡದ ಹಿರಿಯರು, "ಟೈಲರ್ ಸ್ವಾಮಿ, ಬೇಲೂರಿನಿಂದ ವಾಪಸ್ ಬರಲು ಬಸ್ಸಿನ ಕಾಸು ಇಟ್ಟುಕೊಂಡಿರಿ" ಎಂದು ನಕ್ಕಿದ್ದರು. ಈಗ ಅದೇ ತಂಡದವರು ಅಂಗಡಿಗೆ ಬಂದು ಚೀಲದ ಅಳತೆ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳಿ ಹೇಳಿ ಸಾಕಾಗಿ ಬರೆಯುತ್ತಿದ್ದೇನೆ.

ದಾರಿ ಗೊತ್ತಿರುವುದೇ. ಹಗರೆ, ಬೇಲೂರು, ಮೂಡಿಗೆರೆ, ಬಣಕಲ್, ಕೊಟ್ಟಿಗೆಹಾರ, ಚಾರ್ಮಾಡಿ, ಕಕ್ಕಿಂಜೆ, ಉಜಿರೆ. ಅಂದಾಜು 130-140 ಕಿ.ಮೀ. ಶಿರಾಡಿ ಘಾಟಿಯ ದಾರಿಯೇ ಹತ್ತಿರ ಎನ್ನುವವರಿದ್ದಾರೆ. ಅಲ್ಲಿನ ಲಾರಿಗಳ ಪಕ್ಕದಲ್ಲಿ ನಡೆಯುವ ಪುಣ್ಯ ಅವರಿಗೇ ಇರಲಿ.

ಮೊದಲು ದುಡ್ಡು ಹೋದ ಕಥೆ. ಬೆಂಗಳೂರಿನ ದೊಡ್ಡ ಅಂಗಡಿಯಲ್ಲಿ ಐದೂವರೆ ಸಾವಿರ ಕೊಟ್ಟು ಒಂದು ಬ್ಯಾಗ್ ತಂದೆ. ಖಾಲಿ ಇದ್ದಾಗಲೇ ಅದು ಎರಡು ಕಿಲೋ ತೂಗುತ್ತಿತ್ತು. ಜಾಗ ಕಂಡರೆ ಕೈ ಸುಮ್ಮನಿರುತ್ತದೆಯೇ? ಕಂಬಳಿ, ಎರಡು ಪ್ಯಾಂಟು, ಸ್ಟೀಲ್ ಟಿಫಿನ್ ಡಬ್ಬಿ, ಮನೆಯವಳು ಕಟ್ಟಿಕೊಟ್ಟ ಚಕ್ಕುಲಿ, ಕೋಡುಬಳೆ. ಪಕ್ಕದ ದಿನಸಿ ಅಂಗಡಿಯ ತೂಕದ ಯಂತ್ರದಲ್ಲಿ ಇಟ್ಟು ನೋಡಿದರೆ ಹನ್ನೊಂದು ಕಿಲೋ. ಅದರ ಜೊತೆಗೆ ಆರು ಸಾವಿರದ ಶೂ, ನೀರು ಒಳಗೆ ಹೋಗದಂಥದ್ದು. ಹೊರಗಿನ ನೀರು ಒಳಗೆ ಬರುವುದಿಲ್ಲ, ಸರಿ. ಒಳಗಿನ ಬೆವರು ಹೊರಗೆ ಹೋಗಬೇಕಲ್ಲ? ಶಿವರಾತ್ರಿ ಹೊತ್ತಿನ ಬಿಸಿಲಿಗೆ ಡಾಂಬರು ಕಾದು, ಕಾಲು ಒಳಗೇ ಬೆಂದುಹೋಯಿತು. ಬೇಲೂರಿನಲ್ಲಿ ಶೂ ಬಿಚ್ಚಿದಾಗ ಎಡಗಾಲ ಹಿಮ್ಮಡಿಯ ಚರ್ಮ ಕಾಲುಚೀಲಕ್ಕೆ ಅಂಟಿಕೊಂಡೇ ಬಂತು. ಹಿರಿಯರು ಹೇಳಿದ ಬಸ್ಸಿನ ಕಾಸು ಕೆಲಸಕ್ಕೆ ಬಂತು.

ಆ ಬ್ಯಾಗನ್ನು ಬಿಚ್ಚಿ ನೋಡಿದೆ. ತೂಕವೆಲ್ಲ ಜಿಪ್ಪು, ಬಕಲ್ಲು, ಯಾರೂ ಬಳಸದ ಹೊರಜೇಬುಗಳಲ್ಲಿ ಇತ್ತು. ರೇನ್‌ಕೋಟಿಗೆ ಬಳಸುವ ನೈಲಾನ್ ಬಟ್ಟೆ ಎರಡು ಮೀಟರ್ ತಂದು ನಾನೇ ಹೊಲಿದೆ. ಜಿಪ್ಪಿಲ್ಲ, ಬಾಯಿಗೆ ಲಾಡಿ. ಭುಜದ ಪಟ್ಟಿಗೆ ನವಾರು, ಅದರ ಒಳಗೆ ಹಳೆಯ ಯೋಗ ಚಾಪೆಯ ತುಂಡು. ಮೊದಲನೆಯದು ಮೂಡಿಗೆರೆ ದಾಟುವ ಮೊದಲೇ ಪಟ್ಟಿಯ ಬುಡದಲ್ಲಿ ಹರಿಯಿತು. ಹೊಲಿಗೆ ಗಟ್ಟಿಯಾಗಿಯೇ ಇತ್ತು, ಹೊಲಿಗೆಯ ಪಕ್ಕದ ಬಟ್ಟೆ ಸೀಳಿತ್ತು. ಈಗ ಅಲ್ಲಿ ಒಳಗಡೆಯಿಂದ ಅಂಗೈಯಗಲದ ಇನ್ನೊಂದು ಪದರ ಕೊಟ್ಟು ಚೌಕಾಕಾರದಲ್ಲಿ ಹೊಲಿದು, ನಡುವೆ ಗುಣಾಕಾರದ ಚಿಹ್ನೆಯಂತೆ ಅಡ್ಡ ಹೊಲಿಗೆ ಹಾಕುತ್ತೇನೆ. ಪಟ್ಟಿಯನ್ನು ಬೆನ್ನಿಗೆ ಎಷ್ಟು ಓರೆಯಾಗಿ ಕೂಡಿಸುತ್ತೇನೆ ಎಂಬುದನ್ನು ಮಾತ್ರ ಹೇಳುವುದಿಲ್ಲ, ಅದು ಹೊಟ್ಟೆಪಾಡು. ಖರ್ಚು ನಾನೂರರ ಆಸುಪಾಸು, ತೂಕ ಕಾಲು ಕಿಲೋಗಿಂತ ಸ್ವಲ್ಪ ಹೆಚ್ಚು.

ಒಳಗೆ ಏನಿರುತ್ತದೆ? ಮೈಮೇಲಿನದು ಬಿಟ್ಟು ಒಂದೇ ಜೊತೆ ಬಟ್ಟೆ. ಟವೆಲ್ ಬೇಡ, ತೆಳು ಪಂಚೆಯೇ ಟವೆಲ್, ಹೊದಿಕೆ, ಬಿಸಿಲಿಗೆ ತಲೆವಸ್ತ್ರ. ಕೊಟ್ಟಿಗೆಹಾರದ ರಾತ್ರಿಗೆ ಅದು ಸಾಲದು. ಅದಕ್ಕೊಂದು ಉಣ್ಣೆ ಶಾಲು. ನೆಲಕ್ಕೆ ಹಾಸಲು ಕಾಫಿ ಒಣಗಿಸುವ ಟಾರ್ಪಾಲಿನಿಂದ ಮೈಯುದ್ದಕ್ಕೆ ಕತ್ತರಿಸಿದ ತುಂಡು. ಟಾರ್ಚು, ಸಣ್ಣ ಪವರ್ ಬ್ಯಾಂಕ್, ಮಾತ್ರೆ, ಆಧಾರ್ ಕಾರ್ಡು, ಲೀಟರ್ ನೀರು. ಎಲ್ಲ ಸೇರಿ ನಾಲ್ಕು ಕಿಲೋ ಒಳಗೆ.

ಊಟದ ಚಿಂತೆ ಶಿವರಾತ್ರಿ ಸಮಯದಲ್ಲಿ ಇಲ್ಲ. ದಾರಿಯುದ್ದಕ್ಕೂ ಮಜ್ಜಿಗೆ, ಪಾನಕ, ಅನ್ನ ಕರೆದು ಕೊಡುತ್ತಾರೆ. ನಾನು ಕಾರ್ತಿಕದಲ್ಲಿ ಲಕ್ಷದೀಪಕ್ಕೂ ನಡೆದಿದ್ದೇನೆ. ಆಗ ರಸ್ತೆಯಲ್ಲಿ ಕೇಳುವವರಿಲ್ಲ. ಆಗಿನ ಆಸರೆ ರಾಗಿ ಹುರಿಹಿಟ್ಟು. ಅರ್ಧ ಕಿಲೋ ಹಿಟ್ಟಿಗೆ ಬೆಲ್ಲದ ಪುಡಿ, ಏಲಕ್ಕಿ ಬೆರೆಸಿಟ್ಟುಕೊಂಡರೆ ನೀರು ಸಾಕು, ಒಲೆ ಬೇಡ. ಒಮ್ಮೆ ತೆಂಗಿನ ತುರಿ ಬೆರೆಸಿ ನೋಡಿದೆ. ಮರುದಿನವೇ ಕಮಟು ವಾಸನೆ. ಕೊಬ್ಬರಿ ಹಾಕಿದರೆ ಪರವಾಗಿಲ್ಲ.

ಈಗ ಕಾಲು. ಶೂ ಸಾಮಾನ್ಯ ಬಟ್ಟೆ ಶೂ, ಒಂದು ನಂಬರ್ ದೊಡ್ಡದು, ಸಾವಿರದ ಎಂಟುನೂರರೊಳಗೆ ಸಿಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಕಾಲು ಊದುತ್ತದೆ, ಆಗ ಅಳತೆ ಸರಿಯಾಗುತ್ತದೆ. ಕಾಲುಚೀಲ ಎರಡು ಪದರ, ಒಳಗಿನದು ತೆಳು. ಉಜ್ಜಾಟ ಎರಡು ಬಟ್ಟೆಗಳ ನಡುವೆ ನಡೆಯಲಿ, ಚರ್ಮದ ಮೇಲಲ್ಲ. ಹೊರಡುವ ಮುನ್ನವೇ ಹಿಮ್ಮಡಿಗೂ ಕಿರುಬೆರಳಿಗೂ ಮೆಡಿಕಲ್ ಅಂಗಡಿಯ ಪೇಪರ್ ಟೇಪ್. ನಡೆಯುವಾಗ ಎಲ್ಲಾದರೂ ಬಿಸಿ ತಾಗಿದಂತಾದರೆ ಅದೇ ಜಾಗದಲ್ಲಿ ಕುಳಿತು ಶೂ ಬಿಚ್ಚುತ್ತೇನೆ, ಮುಂದಿನ ಊರು ಬರಲಿ ಎಂದು ಕಾಯುವುದಿಲ್ಲ. ಬೊಬ್ಬೆಯೊಳಗೆ ಸೂಜಿದಾರ ಪೋಣಿಸಿ ದಾರವನ್ನು ಅಲ್ಲೇ ಬಿಡುವ ಪದ್ಧತಿ ನಮ್ಮವರಲ್ಲಿದೆ. ಟೈಲರ್ ಆದ ನನ್ನಿಂದಲೇ ಎಷ್ಟೋ ಜನ ಹಾಗೆ ಮಾಡಿಸಿಕೊಂಡಿದ್ದಾರೆ. ಈಗ ಮಾಡುವುದಿಲ್ಲ, ಆ ದಾರದ ಜೊತೆ ರಸ್ತೆಯ ಕೊಳೆಯೂ ಒಳಗೆ ಹೋಗುತ್ತದೆ. ಸಕ್ಕರೆ ಕಾಯಿಲೆ ಇರುವವರಂತೂ ಸೂಜಿ ಮುಟ್ಟಲೇಬಾರದು. ಕಾಲಿನ ಸ್ಪರ್ಶ ಕಡಿಮೆಯಾಗಿರುವವರಿಗೆ ಗಾಯವಾದದ್ದೇ ತಿಳಿಯುವುದಿಲ್ಲ, ಗಂಟೆಗೊಮ್ಮೆ ಕಣ್ಣಿನಿಂದಲೇ ನೋಡಿಕೊಳ್ಳಬೇಕು. ರಾತ್ರಿ ಹಚ್ಚುವ ಮುಲಾಮು ಹರಳೆಣ್ಣೆ, ಜೇನುಮೇಣ, ಮತ್ತೊಂದು ವಸ್ತು. ಆ ಮತ್ತೊಂದನ್ನು ನನ್ನ ಅತ್ತೆ ಹೇಳಿಕೊಟ್ಟದ್ದು, ಅವರ ಅಪ್ಪಣೆ ಇಲ್ಲ.

ಬೇಲೂರಿನಿಂದ ಮೂಡಿಗೆರೆಯ ಆಚೆವರೆಗೆ ಆನೆ ಕಾಟ. ಬಿಸಿಲು ತಪ್ಪಿಸಲು ಬೆಳಗಿನ ಜಾವ ಮೂರಕ್ಕೇ ಹೊರಡುವುದು ತಂಡಗಳ ರೂಢಿ. ಟೆಂಪೋದ ಲೈಟು, ನೂರು ಜನರ ಗದ್ದಲ ಇದ್ದರೆ ಅದು ಬೇರೆ ಮಾತು. ಒಬ್ಬಿಬ್ಬರೇ ಇದ್ದಾಗ ಆ ದಾರಿಯಲ್ಲಿ ನಾನು ಬೆಳಕು ಹರಿಯುವವರೆಗೆ ಕಾಲಿಡುವುದಿಲ್ಲ, ಸಂಜೆ ಐದೂವರೆಗೆ ನಿಲ್ಲಿಸುತ್ತೇನೆ. ಹಿಂದಿನ ರಾತ್ರಿ ತೋಟದ ಕೆಲಸದವರನ್ನು, ಹೋಟೆಲಿನವರನ್ನು ಕೇಳುತ್ತೇನೆ. ಆನೆ ಎಲ್ಲಿದೆ ಎಂದು ಅರಣ್ಯ ಇಲಾಖೆಯಿಂದ ಅವರ ಮೊಬೈಲಿಗೆ ಸಂದೇಶ ಬಂದಿರುತ್ತದೆ. ರಸ್ತೆಯಲ್ಲಿ ಹಸಿ ಲದ್ದಿ ಕಂಡರೆ ಮುಂದಿನ ಬಸ್ಸಿಗೆ ಕೈ ಅಡ್ಡ ಹಿಡಿದು ಹತ್ತು ಕಿ.ಮೀ. ಮುಂದೆ ಇಳಿಯುತ್ತೇನೆ. ಹರಕೆ ತಪ್ಪಿತು ಎನ್ನುವವರು ಎನ್ನಲಿ, ಮಂಜುನಾಥನಿಗೆ ನನ್ನ ಲೆಕ್ಕ ಗೊತ್ತು.

ನಡೆಯುವುದು ರಸ್ತೆಯ ಬಲಗಡೆ, ಎದುರಿಗೆ ಬರುವ ಗಾಡಿಯ ಮುಖ ನೋಡಿಕೊಂಡು. ಚಾರ್ಮಾಡಿ ಘಾಟಿಯ ಕುರುಡು ತಿರುವಿನಲ್ಲಿ ಮಾತ್ರ ಹೊರಮಗ್ಗುಲಿಗೆ ದಾಟುತ್ತೇನೆ, ಚಾಲಕನಿಗೆ ದೂರದಿಂದಲೇ ಕಾಣುತ್ತೇವೆ. ಚೀಲದ ಬೆನ್ನಿಗೆ ಹೊಳೆಯುವ ಪಟ್ಟಿ ಹೊಲಿದಿದ್ದೇನೆ, ಮೀಟರಿಗೆ ಇಪ್ಪತ್ತೋ ಮೂವತ್ತೋ. ಕೊಟ್ಟಿಗೆಹಾರದ ಮಂಜಿನಲ್ಲಿ ಅದರ ಬೆಲೆ ತಿಳಿಯುತ್ತದೆ. ಘಾಟಿಯಲ್ಲಿ ಹಲವೆಡೆ ನೆಟ್‌ವರ್ಕ್ ಇಲ್ಲ, ಆದ್ದರಿಂದ ಮನೆಗೆ ಕೊಟ್ಟಿಗೆಹಾರದಿಂದ ಒಂದು ಫೋನು, ಕಕ್ಕಿಂಜೆಯಿಂದ ಒಂದು. ಇಳಿಯುವ ಮುಂಚೆ ಶೂ ಲೇಸನ್ನು ಮೇಲಿನ ತೂತಿನಲ್ಲಿ ಬಿಗಿಯಾಗಿ ಕಟ್ಟದಿದ್ದರೆ ಕಾಲು ಮುಂದಕ್ಕೆ ಜಾರಿ ಹೆಬ್ಬೆರಳ ಉಗುರು ಕಪ್ಪಾಗುತ್ತದೆ. ಕೋಲು ಬೇಕೇ ಬೇಕು. ಎರಡು ಸಾವಿರದ ಮಡಚುವ ಕೋಲು ಅಣ್ಣಪ್ಪಸ್ವಾಮಿ ಗುಡಿ ಬರುವ ಮೊದಲೇ ಕೀಲು ಬಿಟ್ಟಿತ್ತು. ಈಗಿರುವುದು ಕಿತ್ತೆಸೆದ ಹಳೆಯ ಕಾಫಿ ಗಿಡದ ಕಾಂಡ, ಬೆಲೆ ಒಂದು ಲೋಟ ಕಾಫಿ. ನಾಯಿಗಳಿಗೂ ಅದೇ ಮದ್ದು.

ಚೀಲ ಬೇಕೆನ್ನುವವರು ಬಟ್ಟೆಯನ್ನು ನೀವೇ ತನ್ನಿ, ಕೂಲಿ ಮುನ್ನೂರೈವತ್ತು. ಶಿವರಾತ್ರಿಗೆ ಒಂದು ತಿಂಗಳು ಮೊದಲೇ ಕೊಡಬೇಕು. ಹಿಂದಿನ ವಾರ ಬಂದು ಅವಸರ ಮಾಡುವವರಿಗೆ ಐನೂರು.