ಮದುವೆಯ ಮುಯ್ಯಿಗೆ ಕ್ರೋಶಾ ಹೊದಿಕೆ: ಅಂಚು ನೆಟ್ಟಗಿರಲಿ

ಅಣ್ಣನ ಮಗಳ ಮದುವೆಗೆಂದು ಹೆಣೆದ ಕ್ರೋಶಾ ಹೊದಿಕೆಯೊಂದನ್ನು ಗೆಳತಿಯೊಬ್ಬರು ಕಳೆದ ವರ್ಷ ನನ್ನೆದುರು ಚಾಪೆಯ ಮೇಲೆ ಹಾಸಿದರು. ಬುಡದಲ್ಲಿ ನಾಲ್ಕು ಅಡಿ ಅಗಲವಿದ್ದ ಅದು ತುದಿಗೆ ಬರುವಷ್ಟರಲ್ಲಿ ಮೂರು ಅಡಿಗೆ ಇಳಿದಿತ್ತು. ದಾರ ಒಳ್ಳೆಯದು, ಬಣ್ಣಗಳ ಹೊಂದಿಕೆ ಚೆನ್ನ, ಕೈಯೂ ಹದವಾಗಿತ್ತು. ಸಾಲಿನ ಕೊನೆಯಲ್ಲಿ ಆಗಾಗ ಒಂದೊಂದು ಕಂಬ, ಅಂದರೆ ಕೊಕ್ಕೆಯ ಕಡ್ಡಿಯಿಂದ ಹೆಣೆಯುವ ಒಂದೊಂದು ಹೆಣಿಗೆ, ಬಿಟ್ಟುಹೋಗಿದ್ದೇ ಅಗಲ ತಗ್ಗಲು ಕಾರಣ. ಮದುವೆಗೆ ಉಳಿದಿದ್ದುದು ಹನ್ನೆರಡು ದಿನ. ಬಿಚ್ಚಲು ಮನಸ್ಸಾಗದು, ಕೊಡಲು ಮುಖವಿಲ್ಲ ಎಂದು ಅವರು ಕಣ್ಣು ತುಂಬಿಕೊಂಡದ್ದನ್ನು ನೋಡಿದ ಮೇಲೆ ಇದನ್ನು ಬರೆಯಬೇಕೆನ್ನಿಸಿತು. ಇಂಥ ಹೊದಿಕೆಗಳನ್ನು ನಾನು ಬಹಳ ಕಂಡಿದ್ದೇನೆ, ಮತ್ತು ಅವುಗಳಲ್ಲಿ ಹೆಚ್ಚಿನವು ಕೆಟ್ಟಿರುವುದು ಅಂಚಿನಲ್ಲಿಯೇ.

ಅಳತೆ ಮತ್ತು ಕಾಲ

ಮೊದಲ ಹೊದಿಕೆಗೆ 50 ಇಂಚು ಅಗಲ, 60 ಇಂಚು ಉದ್ದ ಸಾಕು. ಸೋಫಾದ ಮೇಲೆ ಕಾಲು ಚಾಚಿ ಕುಳಿತವರಿಗೆ ಹೊದೆಯಲು, ಮಂಚದ ಕಾಲ್ದೆಸೆಯಲ್ಲಿ ಮಡಚಿಡಲು ಇದು ಹೇಳಿ ಮಾಡಿಸಿದ ಅಳತೆ. ಜೋಡಿ ಮಂಚವನ್ನು ಪೂರ್ತಿ ಮುಚ್ಚುವ 90 ಇಂಚು, 100 ಇಂಚಿನ ಹೊದಿಕೆಗೆ ಆಸೆಪಡಬೇಡಿ. ಕೆಲಸವೂ ದಾರವೂ ಸರಿಯಾಗಿ ಮೂರು ಪಟ್ಟಾಗುತ್ತವೆ, ಅದರ ತೂಕಕ್ಕೆ ತೊಡೆ ಮತ್ತು ಮಣಿಕಟ್ಟು ಸೋಲುತ್ತವೆ.

ಮುಂದೆ ಹೇಳುವ ಲೆಕ್ಕದಲ್ಲಿ ಹೊದಿಕೆಗೆ ಸಾಲಿಗೆ 160 ಕಂಬಗಳಂತೆ ಸುಮಾರು 105 ಸಾಲುಗಳು ಬೇಕು. ಮಧ್ಯಮ ವೇಗದ ಕೈಗೆ ಒಂದು ಸಾಲಿಗೆ 20 ನಿಮಿಷ ಹಿಡಿಯುತ್ತದೆ. ದಿನಕ್ಕೆ ಎರಡು ಸಾಲಿನಂತೆ ಹೆಣೆದರೆ 53 ದಿನ. ಹಬ್ಬ, ನೆಂಟರು, ಜ್ವರ, ಬಿಚ್ಚಿ ಮತ್ತೆ ಹೆಣೆಯುವುದು ಎಲ್ಲವನ್ನೂ ಸೇರಿಸಿಕೊಂಡರೆ ಮೂರು ತಿಂಗಳು. ನಿಶ್ಚಿತಾರ್ಥದ ದಿನವೇ ದಾರ ಕೊಳ್ಳುವುದು ನನ್ನ ಪದ್ಧತಿ. ಆಷಾಢದಲ್ಲಿ ನಮ್ಮಲ್ಲಿ ಮದುವೆಗಳು ನಡೆಯುವುದಿಲ್ಲವಾದ್ದರಿಂದ ಆಗ ಕೈಹಾಕಿದವರು ಕಾರ್ತಿಕದ ಮದುವೆಗೆ ಆತುರವಿಲ್ಲದೆ ಮುಗಿಸಬಹುದು. ಲಗ್ನಪತ್ರಿಕೆ ಕೈಗೆ ಬಂದ ಮೇಲೆ ಹೊದಿಕೆ ಆರಂಭಿಸಬೇಡಿ. ಅಷ್ಟರಲ್ಲಿ ಒಂದು ಜೊತೆ ದಿಂಬಿನ ಹೊದಿಕೆಗಳನ್ನು ಚೆನ್ನಾಗಿ ಹೆಣೆದು ಕೊಡುವುದು ಮೇಲು.

ದಾರ, ಕಡ್ಡಿ

ಬೆಂಗಳೂರು, ಮಲೆನಾಡಿನ ಕಡೆ ಸಂಸಾರ ಹೂಡುವವರಿಗೆ ಅಕ್ರಿಲಿಕ್ ದಾರ. ಕರಾವಳಿಯ ಸೆಕೆಗೆ, ಕಲಬುರಗಿ ರಾಯಚೂರುಗಳ ಬಿಸಿಲಿಗೆ ಹತ್ತಿಯ ದಾರ. ಅಂಗಡಿಯಲ್ಲಿ ಎಲ್ಲವನ್ನೂ ಉಲ್ಲನ್ ಎಂದೇ ಕರೆಯುತ್ತಾರಾದ್ದರಿಂದ ಸುತ್ತಿರುವ ಚೀಟಿಯನ್ನು ಓದಿಯೇ ಕೊಳ್ಳಬೇಕು. ಅಪ್ಪಟ ಉಣ್ಣೆಯನ್ನು ಮದುವೆಯ ಉಡುಗೊರೆಗೆ ನಾನು ಒಪ್ಪುವುದಿಲ್ಲ. ಹೊಸ ದಂಪತಿ ಅದನ್ನು ಎಂದಾದರೊಂದು ದಿನ ವಾಷಿಂಗ್ ಮಷೀನಿಗೆ ಹಾಕಿಯೇ ಹಾಕುತ್ತಾರೆ. ಬಿಸಿನೀರು ಮತ್ತು ತಿಕ್ಕಾಟಕ್ಕೆ ಉಣ್ಣೆಯ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಹೊದಿಕೆ ಕುಗ್ಗಿ ಕಂಬಳಿಯಂತೆ ಗಟ್ಟಿಯಾಗುತ್ತದೆ. ನುಸಿಹುಳುವಿನ ಕಾಟ ಬೇರೆ. ಅಕ್ರಿಲಿಕ್‌ಗೆ ಈ ಎರಡು ಭಯವೂ ಇಲ್ಲ.

ಚೀಟಿಯೇ ಇಲ್ಲದೆ ತೂಕಕ್ಕೆ ಮಾರುವ ಲಡಿಗಳಲ್ಲಿ ದಾರ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು. ಕಡ್ಡಿಯ ಕೊಕ್ಕೆಗೆ ಸಿಕ್ಕಾಗ ಎಳೆ ಎಳೆಯಾಗಿ ಸೀಳುತ್ತದೆ. ಮಖಮಲ್ಲಿನಂತೆ ಮೆತ್ತಗಿರುವ ಜುಂಗಿನ ದಾರ ಕಣ್ಣಿಗೆ ಹಬ್ಬ, ಹೆಣೆಯುವವರಿಗೆ ಶಿಕ್ಷೆ: ಕಂಬಗಳು ಕಾಣುವುದೇ ಇಲ್ಲ, ಬಿಚ್ಚಿದರೆ ಜುಂಗು ಉದುರಿ ಬೋಳು ನೂಲು ಉಳಿಯುತ್ತದೆ. ಜರಿ ಬೆರೆತ ದಾರ ಮೈಗೆ ಚುಚ್ಚುತ್ತದೆ. 100 ಗ್ರಾಂ ಉಂಡೆಯಲ್ಲಿ ಸುಮಾರು 200 ಮೀಟರ್ ಇರುವ ಸಾದಾ ದಾರವನ್ನೂ ಅದಕ್ಕೆ 5 ಮಿಲಿಮೀಟರ್ ಕಡ್ಡಿಯನ್ನೂ ಕೊಳ್ಳಿ. ಹಿಡಿಯಲ್ಲಿ ಮೆತ್ತನೆಯ ರಬ್ಬರ್ ಇರುವ ಲೋಹದ ಕಡ್ಡಿಯೇ ಆಗಬೇಕು. ಅಗ್ಗದ ಪ್ಲಾಸ್ಟಿಕ್ ಕಡ್ಡಿ ನೂರನೆಯ ಸಾಲಿನವರೆಗೆ ಬಾಳುವುದು ಕಷ್ಟ.

ಬಣ್ಣದ ವಿಷಯದಲ್ಲಿ ಮನೆಯ ಹಿರಿಯರನ್ನು ಒಂದು ಮಾತು ಕೇಳಿ. ಮದುವೆಯ ಮುಯ್ಯಿಯಲ್ಲಿ ಕಪ್ಪನ್ನು, ಕೆಲವರು ಬರೀ ಬಿಳಿಯನ್ನೂ ಬಯಸುವುದಿಲ್ಲ. ನನ್ನ ಆಯ್ಕೆ ಅರಿಸಿನದ ಹಳದಿ, ಎಲೆಹಸಿರು, ನಡುವೆ ಕೆನೆಬಣ್ಣ. ಮೂರಕ್ಕಿಂತ ಹೆಚ್ಚು ಬೇಡ. ಒಂದು ಬಣ್ಣದ ಎಲ್ಲ ಉಂಡೆಗಳ ಚೀಟಿಯ ಮೇಲೂ ಒಂದೇ ಲಾಟ್ ಸಂಖ್ಯೆ, ಅಂದರೆ ಒಂದೇ ಸಲಕ್ಕೆ ಬಣ್ಣ ಹಾಕಿದ ದಾರವೆಂಬ ಗುರುತು, ಇರಲಿ. ಎರಡು ಲಾಟ್‌ಗಳ ವ್ಯತ್ಯಾಸ ಅಂಗಡಿಯ ದೀಪದಲ್ಲಿ ಕಾಣದು, ಹಗಲು ಬೆಳಕಿನಲ್ಲಿ ಹೊದಿಕೆಯ ನಡುವೆ ಪಟ್ಟಿಯಂತೆ ಎದ್ದು ಕಾಣುತ್ತದೆ. ಹತ್ತಿಯ ಕೆಂಪು ದಾರವಾದರೆ ತುಂಡೊಂದನ್ನು ಒದ್ದೆ ಬಿಳಿ ಬಟ್ಟೆಯಲ್ಲಿ ರಾತ್ರಿಯೆಲ್ಲ ಸುತ್ತಿಟ್ಟು, ಬಣ್ಣ ಬಿಡುವುದಿಲ್ಲವೆಂದು ಖಚಿತವಾದ ಮೇಲೆಯೇ ಬಳಸಿ.

ಎಷ್ಟು ದಾರ ಬೇಕೆಂಬುದನ್ನು ಅಂಗಡಿಯವರನ್ನು ಕೇಳುವುದಕ್ಕಿಂತ ಮಾದರಿಯ ತುಂಡನ್ನು ತೂಗಿ ತಿಳಿಯುವುದು ಸರಿ. ಒಂದು ಉಂಡೆ ತಂದು, ಆರು ಇಂಚು ಚೌಕದ ತುಂಡು ಹೆಣೆದು, ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ. ನಮ್ಮ ಹೊದಿಕೆ ಅದರ 83 ಪಟ್ಟು. ತುಂಡು 8 ಗ್ರಾಂ ತೂಗಿದರೆ ಹೊದಿಕೆಗೆ 664 ಗ್ರಾಂ. ಅಂಚುಪಟ್ಟಿಗೂ, ಬಣ್ಣ ಬದಲಿಸುವಾಗ ಉಳಿಯುವ ದಾರದ ಬಾಲಗಳಿಗೂ ಸೇರಿಸಿ 800 ಗ್ರಾಂ, ಅಂದರೆ ಎಂಟು ಉಂಡೆ. ಅದೇ ತುಂಡಿನ ನಡುವೆ ನಾಲ್ಕು ಇಂಚು ಅಳೆದು ಕಂಬಗಳನ್ನು ಎಣಿಸಿ. 13 ಇದ್ದರೆ ಸರಿ. 15 ಇದ್ದರೆ ನಿಮ್ಮ ಕೈ ಬಿಗಿ, ಅರ್ಧ ಮಿಲಿಮೀಟರ್ ಹೆಚ್ಚು ದಪ್ಪದ ಕಡ್ಡಿ ಹಿಡಿಯಿರಿ. 11 ಇದ್ದರೆ ಅಷ್ಟೇ ತೆಳ್ಳನೆಯದು.

ವಿಡಿಯೊ ನೋಡಿ ಕಲಿಯುವವರಿಗೆ ಇಲ್ಲೊಂದು ಎಚ್ಚರಿಕೆ. ಅಮೆರಿಕದವರು ಡಬಲ್ ಕ್ರೋಶೆ ಎನ್ನುವುದನ್ನು ಬ್ರಿಟಿಷರು ಟ್ರೆಬಲ್ ಎನ್ನುತ್ತಾರೆ. ಬ್ರಿಟಿಷರ ಡಬಲ್ ಎಂದರೆ ಅಮೆರಿಕದ ಸಿಂಗಲ್. ಹೆಸರು ನಂಬಿ ಹೆಣೆದರೆ ಹೊದಿಕೆ ಅರ್ಧ ಎತ್ತರಕ್ಕೆ ನಿಲ್ಲುತ್ತದೆ. ನಾನಿಲ್ಲಿ ಕಂಬ ಎನ್ನುತ್ತಿರುವುದು ಕಡ್ಡಿಗೆ ಒಮ್ಮೆ ದಾರ ಸುತ್ತಿ, ಕೆಳಗಿನ ಸಾಲಿನಿಂದ ಕುಣಿಕೆ ಎಳೆದು, ಕಡ್ಡಿಯ ಮೇಲಿನ ಮೂರು ಕುಣಿಕೆಗಳನ್ನು ಎರಡೆರಡಾಗಿ ಎರಡು ಬಾರಿ ಬಿಡಿಸುವ ಹೆಣಿಗೆಯನ್ನು.

ಬುಡದ ಸರಪಳಿ

162 ಸರಪಳಿ, ಅಂದರೆ ಒಂದು ಕುಣಿಕೆಯೊಳಗಿಂದ ಮತ್ತೊಂದನ್ನು ಎಳೆಯುತ್ತ ಹೋಗುವ ಕುಣಿಕೆಗಳನ್ನು, ಹೆಣೆಯಿರಿ. ಇದಕ್ಕೆ ಮಾತ್ರ 6 ಮಿಲಿಮೀಟರ್ ಕಡ್ಡಿ ಬಳಸಿ. ಸರಪಳಿ ಬಿಗಿಯಾದರೆ ಹೊದಿಕೆಯ ಬುಡ ಬಿಲ್ಲಿನಂತೆ ಬಾಗುತ್ತದೆ, ಒಗೆದರೂ ನೆಟ್ಟಗಾಗುವುದಿಲ್ಲ. ಪ್ರತಿ 20ಕ್ಕೆ ಬೇರೆ ಬಣ್ಣದ ದಾರದ ತುಂಡೊಂದನ್ನು ಗುರುತಾಗಿ ಸಿಕ್ಕಿಸಿ. ಲೆಕ್ಕ ತಪ್ಪುವ ಅಂಜಿಕೆಯಿದ್ದವರು ನಾಲ್ಕೈದು ಸರಪಳಿ ಹೆಚ್ಚಿಗೆ ಹೆಣೆದುಕೊಳ್ಳಿ, ಮಿಕ್ಕದ್ದನ್ನು ಆರಂಭದ ಗಂಟಿನ ಕಡೆಯಿಂದ ನಿಧಾನವಾಗಿ ಬಿಚ್ಚಬಹುದು. ಕಡ್ಡಿಯಿಂದ ಮೂರನೆಯ ಸರಪಳಿಯಲ್ಲಿ ಮೊದಲ ಕಂಬ. ಸಾಲು ಮುಗಿದಾಗ 160.

ತಿರುವು

ಹೊದಿಕೆ ತ್ರಿಕೋನವಾಗುವುದು ಇಲ್ಲಿ. ಸಾಲು ಮುಗಿಸಿ ಹೆಣಿಗೆಯನ್ನು ತಿರುಗಿಸಿದಾಗ, ಕಂಬದ ಎತ್ತರಕ್ಕೆ ಏರಲು ಕೆಲವು ಸರಪಳಿ ಹೆಣೆಯಬೇಕಾಗುತ್ತದೆ. ಪುಸ್ತಕಗಳಲ್ಲಿ ಸಾಮಾನ್ಯವಾಗಿ ಹೇಳುವ ಕ್ರಮದಲ್ಲಿ ಮೂರು ಸರಪಳಿ ಹೆಣೆದು ಅದನ್ನೇ ಮೊದಲ ಕಂಬವೆಂದು ಎಣಿಸುತ್ತಾರೆ. ಹಾಗೆ ಎಣಿಸಿದರೆ, ಸರಪಳಿಯ ಬುಡದಲ್ಲಿರುವ ಕಂಬವನ್ನು ಬಿಟ್ಟು ಎರಡನೆಯದರಿಂದ ಹೆಣೆಯಲು ಆರಂಭಿಸಬೇಕು, ಮತ್ತು ಸಾಲಿನ ಕೊನೆಯಲ್ಲಿ ಹಿಂದಿನ ಸಾಲಿನ ಮೂರು ಸರಪಳಿಯ ನೆತ್ತಿಯಲ್ಲಿ ಒಂದು ಕಂಬ ಹೆಣೆಯಲೇಬೇಕು. ಆ ನೆತ್ತಿ ಕಂಬದಂತೆ ಕಾಣುವುದಿಲ್ಲ. ಸಣ್ಣ ಗಂಟಿನಂತೆ ಅಂಚಿನ ಹಿಂದೆ ಮುದುಡಿಕೊಂಡಿರುತ್ತದೆ. ಅದನ್ನು ಕಾಣದೆ ತಿರುಗಿಸಿದವರ ಸಾಲು ಒಂದು ಕಂಬ ಕಿರಿದಾಗುತ್ತದೆ. ಬುಡದ ಕಂಬವನ್ನು ಬಿಡದೆ ಅದರಲ್ಲೂ ಹೆಣೆದವರ ಸಾಲು ಒಂದು ಕಂಬ ಹಿಗ್ಗುತ್ತದೆ.

ಒಬ್ಬರೇ ಈ ಎರಡು ತಪ್ಪನ್ನೂ ಒಂದೇ ಸಾಲಿನಲ್ಲಿ ಮಾಡಿದಾಗ ಸಂಗತಿ ಇನ್ನೂ ಸಿಕ್ಕಾಗುತ್ತದೆ. ಆರಂಭದಲ್ಲಿ ಒಂದು ಹೆಚ್ಚಿ, ಕೊನೆಯಲ್ಲಿ ಒಂದು ತಗ್ಗಿ, ಎಣಿಸಿದರೆ 160 ಸರಿಯಾಗಿಯೇ ಬರುತ್ತದೆ. ಅಂಚು ಮಾತ್ರ ಗರಗಸದಂತೆ ಏರಿಳಿದು ಅಲ್ಲಲ್ಲಿ ತೂತು ಬೀಳುತ್ತದೆ. ಆದ್ದರಿಂದ ಎಣಿಸುವುದರ ಜೊತೆಗೆ ಅಂಚನ್ನು ಕಣ್ಣಿನಿಂದಲೂ ನೋಡಬೇಕು.

ನಾನು ಈ ಕ್ರಮವನ್ನು ಬಿಟ್ಟು ಬಹಳ ಕಾಲವಾಯಿತು, ನಿಮಗೂ ಬಿಡಿರೆಂದೇ ಹೇಳುತ್ತೇನೆ. ತಿರುಗಿಸಿದ ಮೇಲೆ ಎರಡೇ ಸರಪಳಿ ಹೆಣೆಯಿರಿ, ಅದನ್ನು ಕಂಬವೆಂದು ಎಣಿಸಬೇಡಿ. ಸರಪಳಿಯ ಬುಡದಲ್ಲಿರುವ ಮೊದಲ ಕಂಬದ ನೆತ್ತಿಯಲ್ಲೇ ಮೊದಲ ಕಂಬ ಹೆಣೆಯಿರಿ, ಹೆಣೆದ ಕೂಡಲೇ ಅದರ ನೆತ್ತಿಗೆ ಗುರುತಿನ ದಾರ ಸಿಕ್ಕಿಸಿ. ಮರಳಿ ಬರುವಾಗ ಗುರುತಿರುವ ಆ ಕಂಬವೇ ನಿಮ್ಮ ಕೊನೆಯ ಕಂಬ. ಅದರಾಚೆ ಕಾಣುವ ಎರಡು ಸರಪಳಿಯನ್ನು ಮುಟ್ಟದೆ ತಿರುಗಿಸಿ. ಗುರುತಿಗೆ ಪಿನ್ನು ಬೇಡ, ಅದರ ಸುರುಳಿಗೆ ದಾರ ಸಿಕ್ಕಿಕೊಂಡು ಎಳೆ ಕಿತ್ತುಬರುತ್ತದೆ. ಎರಡು ಗೇಣಿನ ದಾರದ ತುಂಡುಗಳು ಸಾಕು, ಸಾಲು ಏರಿದಂತೆ ಅವನ್ನೇ ತೆಗೆದು ಮೇಲೆ ಸಿಕ್ಕಿಸುತ್ತ ಹೋಗಬಹುದು.

ಮೊದಲ ಹತ್ತು ಸಾಲುಗಳನ್ನು ಒಂದೂ ಬಿಡದೆ ಎಣಿಸಿ. ಕಣ್ಣಿಗೆ ಅಂಚು ಪರಿಚಯವಾದ ಮೇಲೆ ಐದು ಸಾಲಿಗೊಮ್ಮೆ ಎಣಿಸಿದರೆ ಸಾಕು. 159 ಬಂದರೆ, ಮುಂದಿನ ಸಾಲಿನಲ್ಲಿ ಒಂದು ಸೇರಿಸಿ ಸರಿಪಡಿಸುವ ಒಳದಾರಿಯನ್ನು ಹಲವರು ಹೇಳಿಕೊಡುತ್ತಾರೆ. ನಡುವಿನಲ್ಲಿ ಅದು ಅಡಗಬಹುದು, ಅಂಚಿನಲ್ಲಿ ಅಡಗುವುದಿಲ್ಲ. ಬಿಚ್ಚಿ. ಇಪ್ಪತ್ತು ನಿಮಿಷದ ಒಂದು ಸಾಲನ್ನು ಇಂದು ಬಿಚ್ಚುವುದು, ಐವತ್ತು ಸಾಲಿನ ಕೆಳಗೆ ಕಾಣುವ ತಪ್ಪಿಗಾಗಿ ಮುಂದಿನ ತಿಂಗಳು ಮರುಗುವುದಕ್ಕಿಂತ ಹಗುರ.

ಎಣಿಕೆ ಸರಿಯಿದ್ದೂ ಹೊದಿಕೆ ಮೇಲಕ್ಕೆ ಹೋದಂತೆ ಅಗಲವಾಗುತ್ತಿದ್ದರೆ ಕೈ ಸಡಿಲಾಗುತ್ತಿದೆ ಎಂದರ್ಥ. ಆರಂಭದ ದಿನಗಳ ಬಿಗಿತ ಅಭ್ಯಾಸವಾದಂತೆ ತಾನಾಗಿಯೇ ಇಳಿಯುತ್ತದೆ. ಹತ್ತು ಸಾಲಿಗೊಮ್ಮೆ ಹೊದಿಕೆಯನ್ನು ನೆಲದ ಮೇಲೆ ಹರಡಿ, ಎಳೆಯದೆ, ಬುಡದ ಮತ್ತು ತುದಿಯ ಅಗಲವನ್ನು ಟೇಪಿನಿಂದ ಅಳೆಯಿರಿ. ಒಂದು ಇಂಚಿನವರೆಗಿನ ವ್ಯತ್ಯಾಸವನ್ನು ಒಗೆತ ಸರಿಮಾಡುತ್ತದೆ. ಎರಡು ಇಂಚಾದರೆ ಅಗಲ ಹೆಚ್ಚತೊಡಗಿದ ಸಾಲಿನವರೆಗೆ ಬಿಚ್ಚಿ, ಅರ್ಧ ಮಿಲಿಮೀಟರ್ ಸಣ್ಣ ಕಡ್ಡಿ ಹಿಡಿಯಿರಿ. ಒಂದೇ ಹೊದಿಕೆಗೆ ಅಕ್ಕ ತಂಗಿಯರು ಸರದಿಯ ಮೇಲೆ ಕೈಹಾಕುವುದು ಪ್ರೀತಿಯ ಮಾತಾದರೂ, ಇಬ್ಬರ ಬಿಗಿತ ಎಂದಿಗೂ ಒಂದೇ ಆಗದು. ಜೊತೆಗೂಡಲೇಬೇಕೆಂದರೆ ಬಿಡಿ ಚೌಕಗಳನ್ನು ಹೆಣೆದು ಜೋಡಿಸುವ ಬೇರೆ ಬಗೆಯ ಹೊದಿಕೆ ಆರಿಸಿಕೊಳ್ಳಿ.

ಬಣ್ಣ ಬದಲು, ಬಾಲಗಳು

ಹಳೆಯ ಬಣ್ಣದ ಕೊನೆಯ ಕಂಬದಲ್ಲಿ ಕಡ್ಡಿಯ ಮೇಲೆ ಎರಡು ಕುಣಿಕೆ ಉಳಿದಾಗ ಹೊಸ ಬಣ್ಣವನ್ನು ಎಳೆದುಕೊಂಡರೆ ಗೆರೆ ಶುಚಿಯಾಗಿ ಬರುತ್ತದೆ. ಎರಡು ದಾರಗಳನ್ನು ಗಂಟು ಹಾಕಿ ಮುಂದುವರಿಯಬೇಡಿ. ಕತ್ತರಿಸಿದರೂ ಬಿಚ್ಚದು ಎಂದು ವಿಡಿಯೊಗಳಲ್ಲಿ ತೋರಿಸುವ ಮಾಯಾಗಂಟನ್ನೂ ಜಾರುವ ಅಕ್ರಿಲಿಕ್ ದಾರದಲ್ಲಿ ನಾನು ನಂಬುವುದಿಲ್ಲ. ಒಂದು ಗೇಣು ಬಾಲ ಬಿಟ್ಟು, ಮೊಂಡು ಸೂಜಿಯಿಂದ ಕಂಬಗಳ ಒಳಗೆ ಮೊದಲು ಬಲಕ್ಕೆ, ನಂತರ ಎಡಕ್ಕೆ, ಮತ್ತೆ ಬಲಕ್ಕೆ ಪೋಣಿಸಿ ಕತ್ತರಿಸಿ. ಈ ಕೆಲಸವನ್ನು ಆಯಾ ದಿನವೇ ಮುಗಿಸಿ. ಕೊನೆಗೆ ಉಳಿಸಿಕೊಂಡವರು ಮದುವೆಯ ಹಿಂದಿನ ರಾತ್ರಿ ಬಾಲಗಳನ್ನು ಕತ್ತರಿಸಿ ಹಾಗೆಯೇ ಕೊಟ್ಟು, ಮೂರನೆಯ ಒಗೆತಕ್ಕೆ ಹೊದಿಕೆ ಬಿಚ್ಚಿಕೊಂಡದ್ದನ್ನು ಕಂಡಿದ್ದೇನೆ.

ಅಂಚುಪಟ್ಟಿ, ಒಗೆತ

ಸುತ್ತಲೂ ಎರಡು ಸುತ್ತು ಗಿಡ್ಡ ಕಂಬ, ಅಂದರೆ ಮೊದಲೇ ದಾರ ಸುತ್ತಿಕೊಳ್ಳದೆ ಹೆಣೆಯುವ ಕಂಬ, ಸಾಕು. ಬುಡ ಮತ್ತು ತುದಿಯಲ್ಲಿ ಕಂಬಕ್ಕೊಂದು, ಪಕ್ಕದ ಅಂಚಿನಲ್ಲಿ ಸಾಲಿಗೆ ಎರಡು, ಮೂಲೆಗೆ ಮೂರು. ಅಂಚು ನೆರಿಗೆಯಾದರೆ ಕಂಬಗಳನ್ನು ತಗ್ಗಿಸಿ, ಒಳಕ್ಕೆ ಎಳೆದರೆ ಹೆಚ್ಚಿಸಿ. ಉದ್ದನೆಯ ಕುಚ್ಚುಗಳನ್ನು ಕಟ್ಟಬೇಡಿ, ಒಗೆದಾಗ ಗಂಟಾಗುತ್ತವೆ.

ಕೊಡುವ ಮೊದಲು ತಣ್ಣೀರಿನಲ್ಲಿ ಮೆದು ಸೋಪಿನಿಂದ ಒಮ್ಮೆ ಒಗೆದು, ಹಿಂಡದೆ, ದೊಡ್ಡ ಟವಲಿನಲ್ಲಿ ಸುರುಳಿ ಸುತ್ತಿ ನೀರು ಒತ್ತಿ ತೆಗೆಯಿರಿ. ಹಗ್ಗದ ಮೇಲೆ ಹಾಕಿದರೆ ನೀರಿನ ಭಾರಕ್ಕೆ ಉದ್ದ ಜಗ್ಗುತ್ತದೆ. ಚಾಪೆಯ ಮೇಲೆ ನೆರಳಿನಲ್ಲಿ ಹರಡಿ, ಮೂಲೆಗಳನ್ನು ಕೈಯಿಂದ ಚೌಕಕ್ಕೆ ತನ್ನಿ. ಅಕ್ರಿಲಿಕ್‌ಗೆ ಇಸ್ತ್ರಿ ಪೆಟ್ಟಿಗೆ ತಾಗಿಸಲೇಬೇಡಿ, ಶಾಖಕ್ಕೆ ಎಳೆ ಕರಗಿ ಹೊಳಪು ಹತ್ತಿ ಹೊದಿಕೆ ಜೋಲುತ್ತದೆ. ಮಳೆಗಾಲದಲ್ಲಿ ಒಣಗಲು ಎರಡು ಮೂರು ದಿನ ಬೇಕಾಗಬಹುದು. ತೇವವಿರುವಾಗಲೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿದರೆ ಮುಗ್ಗಲು ವಾಸನೆ ಹಿಡಿಯುತ್ತದೆ. ಹಳೆಯ ಹತ್ತಿಸೀರೆಯ ತುಂಡಿನಲ್ಲಿ ಸುತ್ತಿಡುವುದು ಒಳ್ಳೆಯದು. ನುಸಿಗುಳಿಗೆ ಹಾಕಬೇಡಿ.

ಮಂಟಪದ ನೂಕುನುಗ್ಗಲಿನಲ್ಲಿ ಉಡುಗೊರೆಗಳ ರಾಶಿಗೆ ಇದನ್ನು ಸೇರಿಸದೆ, ಹಿಂದಿನ ದಿನವೋ ಬೀಗರೂಟದ ನಂತರವೋ ಮನೆಯಲ್ಲೇ ಹುಡುಗಿಯ ಕೈಗೆ ಕೊಡಿ. ಜೊತೆಗೆ ಒಂದು ಚೀಟಿಯಲ್ಲಿ ದಾರದ ಬಗೆ, ತಣ್ಣೀರು, ಹರಡಿ ಒಣಗಿಸುವುದು, ಇಸ್ತ್ರಿ ಬೇಡ ಎಂಬ ನಾಲ್ಕು ಸಾಲು ಬರೆದಿಡಿ. ಪ್ರತಿ ಬಣ್ಣದ ಉಳಿದ ದಾರದಲ್ಲಿ ನಿಂಬೆಹಣ್ಣಿನ ಗಾತ್ರದ ಉಂಡೆಯನ್ನು ಅದೇ ಗಂಟಿನಲ್ಲಿ ಇಟ್ಟುಬಿಡಿ. ಎಂದಾದರೂ ಬಳೆಗೋ ಉಂಗುರಕ್ಕೋ ಸಿಕ್ಕಿ ಎಳೆ ಹರಿದರೆ, ತೇಪೆಗೆ ಅದೇ ಲಾಟ್‌ನ ದಾರ ಅವಳ ಬಳಿಯೇ ಇರುತ್ತದೆ.